ಅಭಿಯ ಆರ್‌ಎಕ್ಸ್-8ಕ್ಕೆ ನಾಲ್ಕು ನಿಂಬೆಹಣ್ಣು

ರಘುವಿನ ಮಗ ಅಭಿ ಕಾರು ತಗೊಳ್ಳುತ್ತಾನೆ ಅನ್ನುವ ಸುದ್ದಿ ಬಂದಾಗ ನಮಗೆಲ್ಲ ಖುಷಿಯೇ ಆಯಿತು. ಹುಡುಗನಿಗೆ 24 ವರ್ಷ. ಎಂ.ಎಸ್. ಮುಗಿಸಿ ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಟ್ರಾಯ್ ಅನ್ನುವ ಊರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿ ಕಾರಿಲ್ಲದವನು ಹಾಲು ಮೊಸರಿಗೂ ಇನ್ನೊಬ್ಬರ ಮುಖ ನೋಡಬೇಕು. ತಗೊಳ್ಳಲಿ ಬಿಡಿ ಅಂದುಕೊಂಡೆವು.

ತಕರಾರು ಶುರುವಾದದ್ದು ಸೀತಾರಾಮು "ಯಾವ ಕಾರಂತೆ?" ಎಂದು ಕೇಳಿದ ಮೇಲೆ.

"ಅದೇನೋ ಆರ್‌ಎಕ್ಸ್ ಅಂತ ಹೇಳಿದ" ಎಂದ ರಘು.

ನಾಣಿ ಬೆನ್ನು ನೆಟ್ಟಗೆ ಮಾಡಿದ. "ಆರ್‌ಎಕ್ಸ್ ಹಂಡ್ರೆಡ್ಡಾ? ಛೆ. ಮೈಸೂರಿನ ಹುಡುಗ ಯೆಜ್ಡಿ ಬಿಟ್ಟು ಅದನ್ಯಾಕೆ ನೋಡಿದ?"

ನಾಣಿ ಯೆಜ್ಡಿ ಬೈಕು ಮಾಡುತ್ತಿದ್ದ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿದ್ದವನು. ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ನಾಣಿ ಮಾತ್ರ ಇನ್ನೂ ಡ್ಯೂಟಿಯಲ್ಲಿದ್ದಾನೆ.

"ಬೈಕಲ್ಲ ಕಣೋ, ಕಾರು. ಮಜ್ದಾ ಆರ್‌ಎಕ್ಸ್-8. 2007ರ ಮಾಡೆಲ್. 78 ಸಾವಿರ ಮೈಲಿ ಓಡಿದೆಯಂತೆ. ಐದು ಸಾವಿರ ಡಾಲರಿಗೆ ಕೊಡುತ್ತಾರಂತೆ."

"ಸ್ಪೋರ್ಟ್ಸ್ ಕಾರು ಐದು ಸಾವಿರಕ್ಕೆ?" ಸೀತಾರಾಮು ಕನ್ನಡಕ ಏರಿಸಿದ. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವನು. ಯಾರಾದರೂ ಏನಾದರೂ ಅಗ್ಗಕ್ಕೆ ಕೊಡುತ್ತಾರೆ ಅಂದರೆ ಅವನಿಗೆ ನಿದ್ದೆ ಬರುವುದಿಲ್ಲ. "ಮಾರುವವನಿಗೆ ಏನೋ ಗೊತ್ತಿದೆ. ಹುಡುಗನಿಗೆ ಫೋನ್ ಮಾಡು."

ಸರಸ್ವತಿಪುರಂನ ರಘು ಮನೆಯಲ್ಲಿ ಭಾನುವಾರ ಬೆಳಗ್ಗೆ ಅಂದರೆ ಅಭಿಗೆ ಶನಿವಾರ ರಾತ್ರಿ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದರು. ನಾವು ನಾಲ್ಕು ಜನ ಅದರ ಮುಂದೆ ಹೆಣ್ಣು ನೋಡಲು ಬಂದವರ ಥರ ಸಾಲಾಗಿ ಕೂತೆವು.

"ಎಷ್ಟು ಕೊಡುತ್ತೆ?" ಇದು ರಘುವಿನ ಮೊದಲ ಪ್ರಶ್ನೆ. ಮಗನ ಊಟ ಆಯಿತಾ ಅನ್ನುವುದು ಆಮೇಲೆ.

"ಅಪ್ಪಾ, ಊರೊಳಗೆ ಗ್ಯಾಲನ್‌ಗೆ 16 ಮೈಲಿ. ಹೈವೇಲಿ 22."

ಸೀತಾರಾಮು ಪೇಪರ್ ಅಂಚಿನಲ್ಲಿ ಲೆಕ್ಕ ಹಾಕಿದ. "ಊರೊಳಗೆ ಲೀಟರಿಗೆ ಏಳು ಕಿಲೋಮೀಟರ್ ಕೂಡ ಇಲ್ಲ. ಎಂಜಿನ್ ಎಷ್ಟು ದೊಡ್ಡದಪ್ಪಾ?"

"1.3 ಲೀಟರ್, ಅಂಕಲ್."

"ಏನು! ನಮ್ಮ ಸ್ವಿಫ್ಟಿನದು 1.2" ಎಂದ ರಘು. ಮುಂದೆ ಮಾತು ಬರಲಿಲ್ಲ.

ಅಭಿ ಇದಕ್ಕೇ ಕಾದಿದ್ದ ಅಂತ ಕಾಣುತ್ತೆ. ಇದು ಮಾಮೂಲಿ ಎಂಜಿನ್ ಅಲ್ಲ, ರೋಟರಿ ಎಂಜಿನ್ ಎಂದು ಶುರುಮಾಡಿದ. ಪಿಸ್ಟನ್ ಇಲ್ಲ. ವಾಲ್ವ್ ಇಲ್ಲ. ಸೊಂಟ ಸ್ವಲ್ಪ ಒಳಗೆ ಹೋದ ಮೊಟ್ಟೆ ಆಕಾರದ ಒಂದು ಗೂಡು. ಅದರೊಳಗೆ ಮೂರು ಮೂಲೆಯ ಒಂದು ರೋಟರ್ ಸುತ್ತುತ್ತಾ ಇರುತ್ತೆ. ಗಾಳಿ, ಪೆಟ್ರೋಲ್ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರಗೆ ತಳ್ಳುವುದು, ಎಲ್ಲ ಆ ಸುತ್ತಿನಲ್ಲೇ. ಅಂಥ ಎರಡು ರೋಟರ್. ಸುಮಾರು 230 ಕುದುರೆ ಶಕ್ತಿ.

"ಗ್ರೈಂಡರ್ ಅನ್ನು" ಎಂದು ಅಡುಗೆಮನೆಯಿಂದ ಸರೋಜಾ ಅತ್ತಿಗೆಯ ಧ್ವನಿ ಬಂತು. ಅಲ್ಲಿಯವರೆಗೆ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಸಲೀಸಾಗಿ ಅರ್ಥವಾಯಿತು.

"2003ರಲ್ಲಿ ವರ್ಷದ ಅತ್ಯುತ್ತಮ ಎಂಜಿನ್ ಅಂತ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿದೆ. 9000 ಆರ್‌ಪಿಎಂವರೆಗೆ ಹೋಗುತ್ತೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. 1991ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸ್ ಗೆದ್ದದ್ದು ಮಜ್ದಾದ ರೋಟರಿ ಕಾರು."

"ಇಪ್ಪತ್ತೈದನೇ ಗಂಟೆ ಏನಾಯಿತು?" ಎಂದ ಸೀತಾರಾಮು.

ಅಭಿ ಅದನ್ನು ಕೇಳಿಸಿಕೊಳ್ಳದವನಂತೆ ಮುಂದುವರಿದ. ಇದನ್ನು ಕಂಡುಹಿಡಿದವರು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಅವರಿಗೆ ಕಣ್ಣು ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ, ಜೀವನದಲ್ಲಿ ಡ್ರೈವಿಂಗ್ ಲೈಸೆನ್ಸೇ ಮಾಡಿಸಲಿಲ್ಲ ಅನ್ನುತ್ತಾರೆ. ಬುದ್ಧಿವಂತರು ಅಂತ ನನಗೆ ಅನ್ನಿಸಿತು. ಎಂಜಿನ್ ಮಾಡಿಕೊಟ್ಟು ಓಡಿಸುವ ಕಷ್ಟ ಬೇರೆಯವರಿಗೆ ಬಿಟ್ಟರು.

"ಆಯಿಲ್ ಹೇಗೆ?" ನಾಣಿ ಕೇಳಿದ. ಇಷ್ಟು ಹೊತ್ತು ಸುಮ್ಮನಿದ್ದವನು.

ಅಭಿ ಸ್ವಲ್ಪ ತಡೆದ. "ಆಯಿಲ್... ಸ್ವಲ್ಪ ಕುಡಿಯುತ್ತೆ ಮಾವ. ಅದು ರಿಪೇರಿ ಅಲ್ಲ. ಹಾಗೇ ಮಾಡಿರೋದು. ರೋಟರ್ ಮೂಲೆಯಲ್ಲಿ ಅಪೆಕ್ಸ್ ಸೀಲ್ ಅಂತ ಇರುತ್ತೆ. ಅದು ಗೋಡೆಗೆ ಉಜ್ಜುತ್ತಾ ಓಡಬೇಕಲ್ಲ, ಅದಕ್ಕೆ ಒಂದು ಪಂಪು ಎಂಜಿನ್ ಆಯಿಲ್ಲನ್ನೇ ಒಳಗೆ ಸಿಂಪಡಿಸುತ್ತೆ. ಅದು ಪೆಟ್ರೋಲ್ ಜೊತೆ ಉರಿದು ಹೋಗುತ್ತೆ. ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲ ಡಿಪ್‌ಸ್ಟಿಕ್ ಹಾಕಿ ಆಯಿಲ್ ಎಷ್ಟಿದೆ ಅಂತ ನೋಡಬೇಕು. ಕೆಲವರು ಜೊತೆಗೆ ಟ್ಯಾಂಕಿಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ."

ನಾಣಿಯ ಮುಖ ನೋಡಬೇಕಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಯೆಜ್ಡಿಯ ಹೊಗೆಗೆ ನಾಲ್ಕು ದಶಕ ಜನ ಅವನಿಗೆ ಬೈದಿದ್ದರು. ಈಗ ಜಪಾನಿನವರು, ಅದೂ ವರ್ಷದ ಎಂಜಿನ್ ಅಂತ ಪ್ರಶಸ್ತಿ ತಗೊಂಡವರು, ಬಂಕಿನಲ್ಲಿ ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸಿಕೊಳ್ಳುವ ಹಾಗೆ ಮಾಡಿದ್ದಾರೆ! "ತಗೋ ಮಗು" ಎಂದ. "ಒಳ್ಳೆ ಗಾಡಿ."

"ನೀನು ಸುಮ್ಮನಿರಯ್ಯ" ಎಂದು ಸೀತಾರಾಮು ಗದರಿದ. "ಅಭಿ, ಆ ಸೀಲ್ ಸವೆದರೆ?"

"ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ಬೀಳುತ್ತೆ. ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲ್ಲ. ಆಗ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು."

"ಎಷ್ಟಾಗುತ್ತೆ?"

ಫೋನ್ ಸಿಗ್ನಲ್ ಚೆನ್ನಾಗೇ ಇತ್ತು. ಆದರೂ ಅಭಿಗೆ ಪ್ರಶ್ನೆ ಕೇಳಿಸಲು ಬಹಳ ಹೊತ್ತು ಹಿಡಿಯಿತು. "ಕಾರಿನ ರೇಟಿನಷ್ಟೇ ಅಂಕಲ್. ಸ್ವಲ್ಪ ಜಾಸ್ತಿನೂ ಆಗಬಹುದು."

"ಗ್ಯಾರಂಟಿ?"

"ಕಂಪನಿಯವರು ಅಮೆರಿಕದಲ್ಲಿ ಈ ಎಂಜಿನ್ನಿಗೆ 8 ವರ್ಷ ಅಥವಾ 1 ಲಕ್ಷ ಮೈಲಿ ಅಂತ ಗ್ಯಾರಂಟಿ ಏರಿಸಿದ್ದರು."

"ಗಾಡಿ 2007ರದು. ಎಂಟು ವರ್ಷ ಅಂದರೆ 2015ಕ್ಕೆ ಮುಗೀತು. ಕಂಪನಿಯವರು ತಾವಾಗಿ ಗ್ಯಾರಂಟಿ ಏರಿಸುತ್ತಾರೆ ಅಂದರೆ ಏನರ್ಥ? ಬಹಳ ಎಂಜಿನ್ ವಾಪಸ್ ಬಂದಿವೆ ಅಂತ. ಇನ್ಶೂರೆನ್ಸ್ ಗುದ್ದಿದರೆ ಕೊಡುತ್ತೆ, ಸವೆದರೆ ಕೊಡಲ್ಲ. ಅದೂ ನಿನಗೆ ಇನ್ನೂ 25 ಆಗಿಲ್ಲ, ಅಲ್ಲಿನ ಲೈಸೆನ್ಸ್ ಹೊಸದು, ಮಿಶಿಗನ್ ಅಂದರೆ ಆ ದೇಶದಲ್ಲೇ ಇನ್ಶೂರೆನ್ಸ್ ದುಬಾರಿ ಇರುವ ಕಡೆ. ಕಾರಿನ ಕಂತು ಇಲ್ಲ ಅಂತ ಖುಷಿಪಡಬೇಡ. ಕಂತು ಬೇರೆ ಬೇರೆ ಹೆಸರಲ್ಲಿ ಬರುತ್ತೆ."

ಸೀತಾರಾಮು ಇದನ್ನೆಲ್ಲ ಯಾವಾಗ ಓದಿಕೊಂಡ ಅಂತ ನಮಗೆ ಆಶ್ಚರ್ಯ. ರಾತ್ರಿಯೆಲ್ಲ ನಿದ್ದೆ ಬಂದಿರಲಿಕ್ಕಿಲ್ಲ.

ನಾಣಿ ಒಂದು ಕಥೆ ಹೇಳಿದ. ಅದನ್ನು ಇಲ್ಲಿ ಬಿಡುವ ಹಾಗಿಲ್ಲ. 1967ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿ ಆರ್‌ಓ 80 ಅನ್ನುವ ರೋಟರಿ ಕಾರು ತಂದಿತು. ನೋಡಲು ಅದ್ಭುತ, ಮರುವರ್ಷ ಯುರೋಪಿನ ವರ್ಷದ ಕಾರು ಅಂತ ಹೆಸರೂ ಪಡೆಯಿತು. ಸೀಲ್ ಮಾತ್ರ ನಿಲ್ಲಲಿಲ್ಲ. ಕಂಪನಿ ಎಂಜಿನ್ ಬದಲಾಯಿಸಿ ಕೊಟ್ಟೂ ಕೊಟ್ಟೂ ಸುಸ್ತಾಯಿತು. ದಾರಿಯಲ್ಲಿ ಎರಡು ಆರ್‌ಓ 80 ಎದುರಾದರೆ ಡ್ರೈವರುಗಳು ಕೈ ಬೀಸುತ್ತಿರಲಿಲ್ಲವಂತೆ, ಬೆರಳು ತೋರಿಸುತ್ತಿದ್ದರಂತೆ. ಎರಡು ಬೆರಳು ಅಂದರೆ ಎರಡನೇ ಎಂಜಿನ್. ಮೂರು ಅಂದರೆ ಮೂರನೆಯದು. ಆ ಕಾಲದ ಜೋಕು ಇದು.

"ನೀನು ಯಾರ ಪಕ್ಷ?" ಎಂದು ರಘು ಅವನನ್ನು ಕೇಳಿದ.

"ಹುಡುಗನ ಪಕ್ಷ. ಅವನಿಗೆ ಹತ್ತು ಬೆರಳಿದೆ."

ನನ್ನನ್ನೂ ಕೇಳಿದರು. ನಾನು ಹೇಳಿದ್ದು ಇಷ್ಟು. ವಯಸ್ಸಿನ ಹುಡುಗ ಚಂದದ ಕಾರು ಆಸೆಪಡುವುದು ತಪ್ಪಲ್ಲ. ದುಡ್ಡು ಕೂಡಿಟ್ಟು ಐವತ್ತಕ್ಕೆ ತಗೊಂಡರೆ ಅಷ್ಟು ತಗ್ಗಿನ ಸೀಟಿನಿಂದ ಎದ್ದು ಬರಲು ಇಬ್ಬರು ಕೈ ಹಿಡಿಯಬೇಕು. ಆದರೆ ಆರ್‌ಎಕ್ಸ್-8 ಮನೆಯ ಎರಡನೇ ಕಾರಾಗಿ ಹುಟ್ಟಿದ್ದು. ಹೊರಗೆ ಒಂದು ಕೊರೊಲ್ಲಾ ನಿಂತಿದ್ದರೆ, ಶೆಡ್ಡಿನಲ್ಲಿ ಇದನ್ನು ಇಟ್ಟುಕೋ, ಬಿಚ್ಚು, ಕಟ್ಟು, ಕಲಿ. ಇದೊಂದೇ ಕಾರು ಅಂದರೆ ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗುವುದು ನಿನ್ನ ಕೈಲಿಲ್ಲ, ಆರು ಸೀಲಿನ ಕೈಲಿದೆ. ಅದೂ ಮಿಶಿಗನ್ನಿನ ಹಿಮದಲ್ಲಿ, ಹಿಂದಿನ ಚಕ್ರ ಎಳೆಯುವ ಗಾಡಿ, ರೋಡಿಗೆಲ್ಲ ಉಪ್ಪು ಸುರಿಯುವ ಊರು. ಉಪ್ಪು ತಿಂದ ತಗಡು ಎಷ್ಟು ದಿನ ಬಾಳುತ್ತೆ?

ಇಷ್ಟರಲ್ಲಿ ಸರೋಜಾ ಅತ್ತಿಗೆ ಕಾಫಿ ಹಿಡಿದುಕೊಂಡು ಬಂದರು. ಎಂಜಿನ್ ವಿಚಾರ ಅವರ ಮಟ್ಟಿಗೆ ಮುಗಿದಿತ್ತು. "ಟ್ರಾಯಲ್ಲೇ ದೇವಸ್ಥಾನ ಇದೆಯಲ್ಲ, ತಗೊಂಡ ದಿನವೇ ಪೂಜೆ ಮಾಡಿಸು. ನಾಲ್ಕು ನಿಂಬೆಹಣ್ಣು ಇಡಿಸಿ, ಚಕ್ರ ಹತ್ತಿಸಿ, ಗಾಡಿ ನಿಲ್ಲಿಸಿ ಒಳಗೆ ಹೋಗಿ ಕೈ ಮುಗಿ."

ಅಭಿ ಮುಖ ಸಣ್ಣದು ಮಾಡಿದ. "ಅಮ್ಮಾ, ಹಾಗೆ ಮಾಡೋಕಾಗಲ್ಲ."

"ಯಾಕೆ? ಈಗ ದೇವರೂ ಬೇಡವಾ?"

"ದೇವರಲ್ಲಮ್ಮಾ, ಫ್ಲಡ್ಡಿಂಗ್. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ನಾಲ್ಕು ಅಡಿ ಮುಂದೆ ತಂದು ತಕ್ಷಣ ಆಫ್ ಮಾಡಿದರೆ ಒಳಗೆಲ್ಲ ಪೆಟ್ರೋಲ್ ತುಂಬಿಕೊಳ್ಳುತ್ತೆ. ಪ್ಲಗ್ ಒದ್ದೆ ಆಗುತ್ತೆ. ಮತ್ತೆ ಸ್ಟಾರ್ಟ್ ಆಗದೇ ಇರಬಹುದು. ಒಂದು ಸಲ ಸ್ಟಾರ್ಟ್ ಮಾಡಿದರೆ ಬಿಸಿ ಆಗೋವರೆಗೆ ಓಡಿಸಲೇಬೇಕು."

"ಅಂದರೆ ನಿಂಬೆಹಣ್ಣು ಹತ್ತಿಸಿ ಹಾಗೇ ಊರು ಸುತ್ತಿಕೊಂಡು ಬರಬೇಕಾ? ಪುರೋಹಿತರು ಮಂಗಳಾರತಿ ಹಿಡಿದುಕೊಂಡು ನಿಂತಿರಬೇಕಾ?"

"ಹಾಗೇ ಅಂದುಕೋ."

ಅಂಗಳದಲ್ಲಿ ತೊಳೆಯಲು ಸ್ವಲ್ಪ ಪಕ್ಕಕ್ಕೆ ತೆಗೆದಿಡುವ ಹಾಗೂ ಇಲ್ಲ ಎಂದು ಸೀತಾರಾಮು ಪೇಪರಿನ ಅಂಚಿನಲ್ಲಿ ಬರೆದುಕೊಂಡ. ಅದರ ಕೆಳಗೆ ಆಗಲೇ ನಾಲ್ಕು ಇಗ್ನಿಷನ್ ಕಾಯಿಲ್, ನಾಲ್ಕು ಪ್ಲಗ್, ಕಾಯಿಲ್ ಕೆಟ್ಟದ್ದು ನೋಡದೆ ಓಡಿಸಿದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂದೆಲ್ಲ ಇತ್ತು. ಕ್ರಾಸ್‌ವರ್ಡ್ ತುಂಬಲು ಜಾಗವೇ ಉಳಿದಿರಲಿಲ್ಲ.

"ಇನ್ನೊಂದು" ಎಂದ ಅಭಿ. ಒಪ್ಪಿಕೊಳ್ಳುವವನು ಪೂರ್ತಿ ಒಪ್ಪಿಕೊಂಡುಬಿಡೋಣ ಅನ್ನುವ ಹಾಗೆ. "ದಿನಕ್ಕೊಂದು ಸಲ 9000ವರೆಗೆ ಎಳೀಬೇಕು ಅನ್ನುತ್ತಾರೆ. ಒಳಗೆ ಮಸಿ ಕಟ್ಟಬಾರದು ಅಂತ. ಅಷ್ಟು ಹೊತ್ತಿಗೆ ಬೀಪ್ ಅಂತ ಸದ್ದು ಬೇರೆ ಬರುತ್ತೆ."

"ಅಂದರೆ ಮೆಲ್ಲಗೆ ಓಡಿಸಿದರೆ ಕೆಡುತ್ತೆ" ಎಂದ ರಘು. ಹತ್ತೊಂಬತ್ತು ವರ್ಷದಿಂದ ಮಗನಿಗೆ ಸೈಕಲ್ಲು, ಸ್ಕೂಟರ್ ಎಲ್ಲದಕ್ಕೂ 'ಮೆಲ್ಲಗೆ ಹೋಗೋ' ಎನ್ನುತ್ತಾ ಬಂದವನು ಅವನು. ಪಾಪ, ಅವನ ಕೈಲಿ ಇನ್ನೇನೂ ಉಳಿಯಲಿಲ್ಲ.

ಹುಡುಗನನ್ನು ಪೂರ್ತಿ ಸೋಲಿಸಲು ನಮಗೂ ಮನಸ್ಸಿರಲಿಲ್ಲ. ಕೊನೆಗೆ ಒಂದು ಷರತ್ತಿಗೆ ಬಂದೆವು. ರೋಟರಿ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಮಾಮೂಲಿ ಗೇಜ್ ಇದಕ್ಕೆ ಆಗುವುದಿಲ್ಲ, ರೋಟರಿಗೆ ಅಂತಲೇ ಬೇರೆ ಇದೆ. ಒಂದು ರೋಟರಿಗೆ ಮೂರು ಮುಖ, ಎರಡಕ್ಕೆ ಆರು. ಆರು ನಂಬರ್ ಕಾಗದದ ಮೇಲೆ ಬರಬೇಕು. ಆರೂ 100 ಪಿಎಸ್‌ಐ ಆಸುಪಾಸು ಅಥವಾ ಮೇಲೆ ಇರಬೇಕು, ಒಂದಕ್ಕೊಂದು ಹತ್ತಿರ ಇರಬೇಕು. ಬಂದರೆ ಮುಂದಿನ ಮಾತು. ದುಡ್ಡು ಅಭಿಯದೇ. ಮಾರುವವನಿಗೆ ಬರೀ ಕೇಳಿ ನೋಡು ಎಂದ ಸೀತಾರಾಮು.

ಮುಂದಿನ ಭಾನುವಾರ ಫೋನ್ ಬಂತು.

"ಕೇಳಿದೆ ಅಂಕಲ್. 'ಕಾರು ಚೆನ್ನಾಗೇ ಓಡ್ತಿದೆಯಲ್ಲ, ಟೆಸ್ಟ್ ಯಾಕೆ' ಅಂದ. ದುಡ್ಡು ನಾನೇ ಕೊಡ್ತೀನಿ ಅಂದೆ. ಆಮೇಲೆ ಮೆಸೇಜಿಗೆ ಉತ್ತರನೇ ಇಲ್ಲ. ಇನ್ನೊಂದು ವಿಷಯ. ನಾನು ನೋಡಲು ಹೋದಾಗ ಎಂಜಿನ್ ಬಿಸಿ ಇತ್ತು. ಆಫ್ ಮಾಡಪ್ಪಾ, ಮತ್ತೆ ಸ್ಟಾರ್ಟ್ ಮಾಡೋಣ ಅಂದಿದ್ದಕ್ಕೆ, ಪೆಟ್ರೋಲ್ ಜಾಸ್ತಿ ಇಲ್ಲ ಅಂದುಬಿಟ್ಟ."

ಸೀತಾರಾಮು ಏನೂ ಹೇಳಲಿಲ್ಲ. ಅವನ ಮುಖವೇ ಹೇಳುತ್ತಿತ್ತು. ನಾಣಿ ಕೂಡ ತಲೆ ತಗ್ಗಿಸಿದ. ಬಿಸಿ ಗಾಡಿ ಆಫ್ ಮಾಡಲು ಹೆದರುವವನನ್ನು ಯೆಜ್ಡಿ ಜನ ಚೆನ್ನಾಗಿ ಬಲ್ಲರು.

"ಸರಿ, ಈಗ ಕೊರೊಲ್ಲಾನಾ?" ಎಂದು ರಘು ಆಸೆಯಿಂದ ಕೇಳಿದ.

"ಇಲ್ಲಪ್ಪಾ. ಮಜ್ದಾದವರದೇ ಮಿಯಾಟಾ ಇದೆ. ಸ್ಪೋರ್ಟ್ಸ್ ಕಾರೇ, ಮೇಲೆ ಟಾಪ್ ತೆಗೀಬಹುದು. ಆದರೆ ಪಿಸ್ಟನ್ ಎಂಜಿನ್. ಆಯಿಲ್ ಕುಡಿಯಲ್ಲ. ನಾಲ್ಕು ಅಡಿ ಓಡಿಸಿ ಆಫ್ ಮಾಡಬಹುದು. ಟೆಸ್ಟ್ ಆಯಿತು, ಚೆನ್ನಾಗಿದೆ."

ಸೀತಾರಾಮು ಪೇಪರ್ ತೆಗೆದ, ಪೆನ್ನು ತೆಗೆದ, ಬರೆಯಲು ಏನೂ ಸಿಗದೆ ಕೆಳಗಿಟ್ಟ. ಹಿಮದಲ್ಲಿ ಹಿಂದಿನ ಚಕ್ರ ಅನ್ನುವುದು ನನ್ನ ತಕರಾರು. ಚಳಿಗಾಲದ ಟೈರ್ ಬೇರೆ ಹಾಕಿಸುತ್ತೇನೆ ಎಂದ ಅಭಿ. ನಿಂಬೆಹಣ್ಣು ಹತ್ತಿಸಬಹುದು ಅನ್ನುವುದೇ ಅತ್ತಿಗೆಗೆ ಸಾಕಾಯಿತು. ಆದರೂ ಒಂದು ಸಂಶಯ ಕೇಳಿದರು.

"ಸೀಟು ಎಷ್ಟು?"

"ಎರಡು."

"ಬರೀ ಎರಡಾ? ನಾನೂ ನಿಮ್ಮಪ್ಪನೂ ಬೇಸಿಗೆಗೆ ಅಲ್ಲಿಗೆ ಬಂದರೆ ಕೂರೋದೆಲ್ಲಿ? ಆ ಹಳೇದಕ್ಕಾದರೂ ಹಿಂದೆ ಸೀಟಿತ್ತು."

"ಇತ್ತಮ್ಮಾ, ಹಿಂದಕ್ಕೆ ಸಣ್ಣ ಬಾಗಿಲೂ ಇತ್ತು. ಆದರೆ ಮುಂದಿನ ಬಾಗಿಲು ತೆಗೆಯೋವರೆಗೆ ಹಿಂದಿನದು ತೆಗೆಯೋಕೆ ಬರ್ತಿರಲಿಲ್ಲ. ಇದಕ್ಕಾದರೆ ಒಬ್ಬೊಬ್ಬರಾಗಿ ಬನ್ನಿ, ಇಬ್ಬರನ್ನೂ ಆರಾಮಾಗಿ ಸುತ್ತಿಸ್ತೀನಿ."

ರಘು ತಕ್ಷಣ ಫೋನ್ ಹತ್ತಿರಕ್ಕೆ ಎಳೆದುಕೊಂಡ. "ಟಿಕೆಟ್ ನೋಡು. ಮೊದಲು ನಾನು ಬರ್ತೀನಿ. ನಿಮ್ಮಮ್ಮ ಆಮೇಲೆ, ನಿಧಾನಕ್ಕೆ ಬರಲಿ."