ಅಪ್ಪನ ಶುಗರ್ ಗುಳಿಗೆ ಮತ್ತು ಚಿಕ್ಕಪ್ಪನ ಫಾರ್ವರ್ಡ್: ಔಷಧಿ ಡೇಟಾ ನೋಡುವವರನ್ನು ಕೇಳಿ

ಪುಣೆಯ ಕೋಥ್ರೂಡ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68, ಹನ್ನೆರಡು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್ ಜೊತೆ ಪಯೋಗ್ಲಿಟಝೋನ್ ಅಂತ ಒಂದು ಗುಳಿಗೆ ಇದೆ. ಮೊನ್ನೆ ವಿಜಯಪುರದ ಚಿಕ್ಕಪ್ಪ ಒಂದು ವಿಡಿಯೋ ಕಳಿಸಿದರು. ಈ ಗುಳಿಗೆಯಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ, ಫ್ರಾನ್ಸ್‌ನಲ್ಲಿ ಬ್ಯಾನ್ ಆಗಿದೆ ಅಂತ. ಅವತ್ತಿನಿಂದ ಅಪ್ಪ ಅದನ್ನು ನುಂಗುತ್ತಿಲ್ಲ, ಸುಮ್ನೆ ತುಳಸಿ ಕುಂಡಕ್ಕೆ ಹಾಕುತ್ತಿದ್ದಾರೆ. ಅಮ್ಮ ಕಣ್ಣಾರೆ ನೋಡಿದ್ದು. ಈ ಗುಂಪಿನಲ್ಲಿ ಯಾರೋ ಒಬ್ಬರು ರೋಗಿಗಳ ದಾಖಲೆ ಇಟ್ಟುಕೊಂಡು ಔಷಧಿ ಎಷ್ಟು ಸೇಫ್ ಅಂತ ನೋಡುವ ಕೆಲಸ ಮಾಡುತ್ತಾರಂತೆ. ವಿಡಿಯೋ ನಿಜವಾ, ಸುಳ್ಳಾ?

ಉತ್ತರ:
ಆ ಒಬ್ಬರು ನಾನೇ. ಊರು ಧಾರವಾಡ, ಓದಿದ್ದು ಫಾರ್ಮಸಿ, ಆಫೀಸು ಬಾಣೇರ್‌ನಲ್ಲಿ. ಡಾಕ್ಟರ್ ಅಲ್ಲ. ಹಾಗಾಗಿ ಗುಳಿಗೆ ಬಿಡಬೇಕೋ ಬೇಡವೋ ಅಂತ ಅವರ ಡಾಕ್ಟರನ್ನೇ ಕೇಳಿ, ಈ ವಾರವೇ ಹೋಗಿ. ತುಳಸಿ ಕುಂಡದ ವಿಷಯ ಮಾತ್ರ ಮುಚ್ಚಿಡಬೇಡಿ. ಅದು ಗೊತ್ತಿಲ್ಲದಿದ್ದರೆ ಡಾಕ್ಟರು ಶುಗರ್ ಏರಿದ್ದನ್ನು ನೋಡಿ ಇನ್ನೊಂದು ಗುಳಿಗೆ ಸೇರಿಸಿಬಿಡುತ್ತಾರೆ.

ಇನ್ನು ವಿಡಿಯೋ. ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. 2011ರ ಜೂನ್‌ನಲ್ಲಿ ಫ್ರಾನ್ಸ್ ಇದನ್ನು ನಿಲ್ಲಿಸಿದ್ದು ನಿಜ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ದಾಖಲೆಯಲ್ಲಿ ಸುಮಾರು 15 ಲಕ್ಷ ಶುಗರ್ ಇರುವವರಿದ್ದರು, ಅವರಲ್ಲಿ ಒಂದೂವರೆ ಲಕ್ಷಕ್ಕೂ ಸ್ವಲ್ಪ ಜಾಸ್ತಿ ಜನ ಈ ಗುಳಿಗೆ ತಗೊಂಡವರು. ಲೆಕ್ಕ ಹಾಕಿದಾಗ ತಗೊಂಡವರಲ್ಲಿ ಮೂತ್ರಕೋಶದ ಕ್ಯಾನ್ಸರ್ 22 ಪ್ರತಿಶತ ಜಾಸ್ತಿ ಬಂತು. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಈಗ ಅದನ್ನೇ ತಲೆ ಎಣಿಸಿ ನೋಡಿ. ಗುಳಿಗೆ ತಗೊಳ್ಳದ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 43 ಕೇಸು, ತಗೊಂಡ ಒಂದು ಲಕ್ಷದಲ್ಲಿ ಸುಮಾರು 49. ವಿಡಿಯೋದವರು 22 ಹೇಳುತ್ತಾರೆ. 43 ಮತ್ತು 49 ಹೇಳಿದರೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಮ್ಮ ದೇಶದಲ್ಲೂ 2013ರ ಜೂನ್‌ನಲ್ಲಿ ಇದನ್ನು ನಿಲ್ಲಿಸಿದರು. ಶುಗರ್ ಡಾಕ್ಟರುಗಳು ಗಲಾಟೆ ಮಾಡಿದರು. ಜುಲೈ ಕೊನೆಗೆ ಆದೇಶ ವಾಪಸ್ ಆಯಿತು, ಡಬ್ಬಿಯ ಮೇಲೆ ಎಚ್ಚರಿಕೆ ಬಂತು. ಆಮೇಲೆ 2015ರಲ್ಲಿ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಅನ್ನುವ ಆಸ್ಪತ್ರೆ-ವಿಮೆ ಸಂಸ್ಥೆಯ ದಾಖಲೆಗಳಿಂದ 1.93 ಲಕ್ಷ ಜನರ ಲೆಕ್ಕ ಹೊರಬಂತು. ಅದರಲ್ಲಿ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೂ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಮತ್ತೆ, ಅಪಾಯ ಸ್ವಲ್ಪ ಹೆಚ್ಚಬಹುದು ಅಂತಲೇ ಹೇಳಿತು. ಅಂದರೆ ಜಗಳ ಪೂರ್ತಿ ಮುಗಿದಿಲ್ಲ. ಮೂತ್ರಕೋಶದ ಕ್ಯಾನ್ಸರ್ ಇರುವವರಿಗೆ ಇದು ಬೇಡ, ಮೂತ್ರದಲ್ಲಿ ರಕ್ತ ಕಂಡರೆ ತಕ್ಷಣ ತೋರಿಸಿ. ಇದರಲ್ಲಿ ಯಾರದೂ ತಕರಾರಿಲ್ಲ. ಅದಕ್ಕಿಂತ ಖಚಿತವಾದ ತೊಂದರೆ ಬೇರೆ ಇದೆ. ಈ ಗುಳಿಗೆ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ಅದು ಅಪಾಯ. ಅಪ್ಪನ ಕಾಲು ಊದಿದೆಯಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಾ ನೋಡಿ.

ವಾಕಡ್‌ನಿಂದ:
ಒಂದೇ ಗುಳಿಗೆ, ಎರಡು ದೇಶ, ಎರಡು ಉತ್ತರ. ಹಾಗಾದರೆ ಡೇಟಾ ಅನ್ನುವುದೇ ಬೋಗಸ್ ಅಲ್ವಾ? ನಾನು ಸಾಫ್ಟ್‌ವೇರ್‌ನವನು, ಡೇಟಾ ಎಷ್ಟು ಕೊಳಕಾಗಿರುತ್ತದೆ ಅಂತ ಗೊತ್ತು.

ಉತ್ತರ:
ಕೊಳಕು ಹೌದು. ಬೋಗಸ್ ಅಲ್ಲ.

ಫ್ರಾನ್ಸ್‌ನ ವಿಮೆ ದಾಖಲೆಯಲ್ಲಿ ಯಾರು ಸಿಗರೇಟು ಸೇದುತ್ತಾರೆ ಅನ್ನುವುದೇ ಇರಲಿಲ್ಲ. ಈ ಕ್ಯಾನ್ಸರಿಗೆ ದೊಡ್ಡ ಕಾರಣವೇ ಸಿಗರೇಟು. ಕೈಸರ್ ದಾಖಲೆಯಲ್ಲಿ ಆ ಮಾಹಿತಿ ಇತ್ತು. ಇನ್ನೊಂದು ನೋಡಿ. ಯಾರ ಮೂತ್ರವನ್ನು ಪದೇ ಪದೇ ಪರೀಕ್ಷೆ ಮಾಡುತ್ತಾರೋ ಅವರಲ್ಲಿ ಕ್ಯಾನ್ಸರ್ ಬೇಗ ಕಣ್ಣಿಗೆ ಬೀಳುತ್ತದೆ. ಗುಳಿಗೆ ತಗೊಳ್ಳುವವರಿಗೆ ಪರೀಕ್ಷೆ ಜಾಸ್ತಿ ಆಗುತ್ತಿದ್ದರೆ ಕೇಸೂ ಜಾಸ್ತಿ ಕಾಣುತ್ತದೆ. ಅದರಲ್ಲಿ ಗುಳಿಗೆಯ ತಪ್ಪೇನೂ ಇಲ್ಲ.

ಅದಕ್ಕೇ ನಾನು ಯಾವ ಡೇಟಾ ಟೇಬಲ್ ತೆರೆದರೂ ಮೊದಲು ಕೇಳುವುದು ಒಂದೇ: ಈ ಗುಳಿಗೆ ಇವರಿಗೇ ಯಾಕೆ ಬಂತು? ಡಾಕ್ಟರು ಚೀಟಿ ಎತ್ತಿ ಔಷಧಿ ಕೊಡುವುದಿಲ್ಲ. ರೋಗ ಜೋರಿದ್ದವರಿಗೆ ಜೋರಾದ ಔಷಧಿ ಹೋಗುತ್ತದೆ, ಅವರೇ ಜಾಸ್ತಿ ಸಾಯುತ್ತಾರೆ, ಆಮೇಲೆ ಗುಳಿಗೆಗೆ ಕೆಟ್ಟ ಹೆಸರು. ಇದರಿಂದ ತಪ್ಪಿಸಿಕೊಳ್ಳಲು ನಾವು ಗುಳಿಗೆ ತಗೊಂಡವರನ್ನು ಏನೂ ತಗೊಳ್ಳದವರ ಜೊತೆ ಹೋಲಿಸುವುದಿಲ್ಲ. ಅದೇ ರೋಗಕ್ಕೆ, ಅದೇ ಹಂತದಲ್ಲಿ, ಅದೇ ಹೊತ್ತಿಗೆ ಬೇರೆ ಗುಳಿಗೆ ಶುರು ಮಾಡಿದವರ ಜೊತೆ ಹೋಲಿಸುತ್ತೇವೆ.

ಉಲ್ಟಾ ಮೋಸವೂ ಇದೆ, ಇದು ನನಗೆ ಬಹಳ ಇಷ್ಟದ ಕತೆ. ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಆದವರ ಮೇಲೆ ಕ್ಲೋಫೈಬ್ರೇಟ್ ಅನ್ನುವ ಕೊಲೆಸ್ಟ್ರಾಲ್ ಗುಳಿಗೆಯ ಪ್ರಯೋಗ ಮಾಡಿದ್ದರು, 1980ರಲ್ಲಿ ಅದರ ಒಂದು ಲೆಕ್ಕ ಪ್ರಕಟವಾಯಿತು. ಖಾಲಿ ಗುಳಿಗೆ, ಅಂದರೆ ಔಷಧಿಯೇ ಇಲ್ಲದ ಗುಳಿಗೆ ಪಡೆದವರನ್ನು ಎರಡು ಪಾಲು ಮಾಡಿ ನೋಡಿದರು. ನಿಯಮವಾಗಿ ನುಂಗಿದವರಲ್ಲಿ ಐದು ವರ್ಷದಲ್ಲಿ ಸತ್ತವರು ನೂರಕ್ಕೆ ಸುಮಾರು 15. ಆಗಾಗ ತಪ್ಪಿಸಿದವರಲ್ಲಿ 28. ಗುಳಿಗೆಯಲ್ಲಿ ಏನೂ ಇರಲಿಲ್ಲ! ತಪ್ಪದೆ ಗುಳಿಗೆ ನುಂಗುವ ಮನುಷ್ಯ ಬೇರೆ ವಿಷಯದಲ್ಲೂ ಶಿಸ್ತಿನವನಾಗಿರುತ್ತಾನೆ, ಮೈಯೂ ಮೊದಲೇ ಗಟ್ಟಿ ಇರಬಹುದು. ಇಂತಿಂಥ ಗುಳಿಗೆ ತಗೊಂಡವರು ಜಾಸ್ತಿ ಬದುಕಿದರು ಅನ್ನುವ ಸುದ್ದಿ ಓದಿದಾಗಲೆಲ್ಲ ನನಗೆ ಈ 15 ಮತ್ತು 28 ನೆನಪಾಗುತ್ತದೆ.

ಠಾಣೆಯಿಂದ:
ಗುಳಿಗೆ ಅಂಗಡಿಗೆ ಬರುವ ಮುಂಚೆಯೇ ಎಲ್ಲ ಪರೀಕ್ಷೆ ಆಗಿರುತ್ತದಲ್ಲ? ಆಮೇಲೆ ಏನು ಹುಡುಕುವುದು?

ಉತ್ತರ:
ಪ್ರಯೋಗದಲ್ಲಿ ಇರುವವರು ಸಾಮಾನ್ಯವಾಗಿ ಕೆಲವು ಸಾವಿರ ಜನ. ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವ ತೊಂದರೆಯನ್ನು ಒಂದು ಸಲವಾದರೂ ನೋಡುವ ಭರವಸೆ ಬೇಕೆಂದರೆ ಸುಮಾರು 30 ಸಾವಿರ ಜನ ಬೇಕು. ಅದೂ ಅಲ್ಲದೆ ಬಸುರಿಯರು, ತೀರಾ ವಯಸ್ಸಾದವರು, ಕಿಡ್ನಿ ಕೆಟ್ಟವರು, ದಿನಕ್ಕೆ ಎಂಟು ಬಗೆಯ ಗುಳಿಗೆ ನುಂಗುವವರು ಪ್ರಯೋಗದಲ್ಲಿ ಬಹುತೇಕ ಇರುವುದೇ ಇಲ್ಲ, ನಮ್ಮ ಮನೆಯ ಹಿರಿಯರೆಲ್ಲ ಅಂಥವರೇ.

ರೋಫೆಕಾಕ್ಸಿಬ್ ನೆನಪಿದೆಯಾ? ವಯಾಕ್ಸ್ ಅಂತ ಹೆಸರಿನ ಮಂಡಿನೋವಿನ ಗುಳಿಗೆ. 1999ರಲ್ಲಿ ಬಂತು, 2004ರ ಸೆಪ್ಟೆಂಬರ್ 30ಕ್ಕೆ ಮರ್ಕ್ ಕಂಪನಿಯೇ ವಾಪಸ್ ತಗೊಂಡಿತು. ಡಿಸೆಂಬರ್‌ನಲ್ಲಿ ಇಲ್ಲಿಯೂ ನಿಷೇಧವಾಯಿತು. ವಾಪಸ್ ತಗೊಳ್ಳಲು ಕಾರಣ ಇನ್ನೊಂದು ಪ್ರಯೋಗ. ಆದರೆ ಅದೇ ಹೊತ್ತಿಗೆ ಎಫ್‌ಡಿಎಯ ಡೇವಿಡ್ ಗ್ರಹಾಂ ಮತ್ತು ಜೊತೆಯವರು ಕೈಸರ್‌ನ ಸುಮಾರು 14 ಲಕ್ಷ ಜನರ ದಾಖಲೆ ಜಾಲಾಡಿದ್ದರು. 25 ಮಿಲಿಗ್ರಾಂ ಮೀರಿದ ಡೋಸ್ ತಗೊಂಡವರಿಗೆ, ಅದೇ ಜಾತಿಯ ಸೆಲೆಕಾಕ್ಸಿಬ್ ತಗೊಂಡವರಿಗಿಂತ, ಹೃದಯದ ತೊಂದರೆ ಮೂರು ಪಟ್ಟಿಗೂ ಜಾಸ್ತಿ ಅಂತ ಸಿಕ್ಕಿತು. ಯಾರಿಗೂ ಹೊಸದಾಗಿ ಗುಳಿಗೆ ನುಂಗಿಸದೆ, ಇದ್ದ ಫೈಲುಗಳಿಂದಲೇ.

ಡೊಂಬಿವಲಿಯಿಂದ, ಮೆಡಿಕಲ್ ಅಂಗಡಿಯವರು:
ನನ್ನ ಕಂಪ್ಯೂಟರಿನಲ್ಲಿ ಹದಿನಾಲ್ಕು ವರ್ಷದ ಬಿಲ್ ಇದೆ. ನಿಮಗೆ ಬೇಕಾ? ಸುಮ್ನೆ ಕೊಳೆಯುತ್ತಿದೆ.

ಉತ್ತರ:
ಅಯ್ಯೋ, ಹೀಗೆ ಗುಂಪಿನಲ್ಲಿ ಕೊಡುತ್ತೇನೆ ಅನ್ನಬೇಡಿ! ಗಿರಾಕಿಗಳ ಹೆಸರು, ಮೊಬೈಲ್ ನಂಬರ್ ಇರುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ನಾನು ಮುಟ್ಟುವಂತಿಲ್ಲ, ಈಗ 2023ರ ಡಿಜಿಟಲ್ ಡೇಟಾ ಕಾನೂನೂ ಇದೆ.

ಆದರೆ ಅದರಲ್ಲಿ ಏನು ಸಿಗುತ್ತದೆ ಅಂತ ಕೇಳಿದರೆ, ಬಹಳ ಸಿಗುತ್ತದೆ, ಮುಖ್ಯವಾದದ್ದೇ ಸಿಗುವುದಿಲ್ಲ. ಒಂದು ಸಾಲು ತೋರಿಸುತ್ತೇನೆ, ನಾನೇ ಕಟ್ಟಿದ ಸಾಲು, ಯಾರದೂ ನಿಜವಾದದ್ದಲ್ಲ:

ಪಾಟೀಲ್, ಜೂನ್ 1, ಮೆಟ್‌ಫಾರ್ಮಿನ್ 500, 60 ಗುಳಿಗೆ. ಮುಂದಿನ ಬಿಲ್ ಜುಲೈ 24.

ದಿನಕ್ಕೆ ಎರಡು ಅಂದರೆ ಜೂನ್ 30ಕ್ಕೆ ಖಾಲಿ. ಮಧ್ಯೆ 23 ದಿನ ಗುಳಿಗೆ ಇಲ್ಲ. ಸಾಫ್ಟ್‌ವೇರ್ ಇವರನ್ನು ಔಷಧಿ ಬಿಟ್ಟವರು ಅಂತ ಬರೆದುಕೊಳ್ಳುತ್ತದೆ. ಪಾಟೀಲರು ವಾರಿ ಪಾದಯಾತ್ರೆಗೆ ಹೋಗಿದ್ದರೆ? ಆಳಂದಿಯಿಂದ ಪಂಢರಪುರಕ್ಕೆ ನಡೆಯುತ್ತ ಫಲ್ಟಣ್‌ನಲ್ಲಿ ಯಾವುದೋ ಅಂಗಡಿಯಲ್ಲಿ ಎರಡು ಸ್ಟ್ರಿಪ್ ಕೊಂಡಿದ್ದರೆ? ನಿಮ್ಮ ಬಿಲ್ಲಿಗೆ ಅದು ಗೊತ್ತಿಲ್ಲ. ಇನ್ನು ಇವರು ಯಾವ ಪಾಟೀಲ್? ನಿಮ್ಮ ರಸ್ತೆಯಲ್ಲೇ ಎಷ್ಟು ಜನ ಇದ್ದಾರೋ! ಡೆನ್ಮಾರ್ಕ್‌ನಲ್ಲಿ 1968ರಿಂದ ಪ್ರತಿ ಮನುಷ್ಯನಿಗೂ ಒಂದು ಸಂಖ್ಯೆ, ಅಂಗಡಿ, ಆಸ್ಪತ್ರೆ, ಸಾವಿನ ದಾಖಲೆ ಎಲ್ಲ ಅದಕ್ಕೇ ಅಂಟಿಕೊಂಡಿವೆ. ನಮ್ಮಲ್ಲಿ 14 ಅಂಕಿಯ ಆಭಾ ಅನ್ನುವ ಆರೋಗ್ಯ ಸಂಖ್ಯೆ ಈಗ ಬಂದಿದೆ, ಆದರೆ ನೋವಿನ ಗುಳಿಗೆ ನಗದು ಕೊಟ್ಟು ಬಿಡಿಯಾಗಿ ತಗೊಳ್ಳುವಾಗ ಅದನ್ನು ಯಾರು ಹೇಳುತ್ತಾರೆ? ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ, ರೋಗ ಏನು ಅನ್ನುವುದು. ಬಿಲ್ಲಿನಲ್ಲಿ ಅದಿಲ್ಲ.

ನಿಮ್ಮ ಬಿಲ್ ನಿಜವಾಗಿ ಕೆಲಸಕ್ಕೆ ಬರುವುದು ಔಷಧಿ ಎಷ್ಟು, ಹೇಗೆ ಖರ್ಚಾಗುತ್ತಿದೆ ಅಂತ ನೋಡಲು. ವಿಶ್ವ ಆರೋಗ್ಯ ಸಂಸ್ಥೆ ಒಂದೊಂದು ಔಷಧಿಗೂ ಒಂದು ದಿನದ ಅಳತೆ ಇಟ್ಟಿದೆ. ಅಝಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಗುಳಿಗೆಗೆ ಅದು 0.3 ಗ್ರಾಂ. ನೀವು ಕೊಡುವ 500ರ ಮೂರು ಗುಳಿಗೆ ಅಂದರೆ ಒಂದೂವರೆ ಗ್ರಾಂ, ಐದು ದಿನದ ಅಳತೆ. ಹೀಗೆ ಎಣಿಸಿದರೆ ಬ್ರ್ಯಾಂಡ್ ಯಾವುದಿದ್ದರೂ, ಸ್ಟ್ರಿಪ್ಪಿನಲ್ಲಿ ಎಷ್ಟಿದ್ದರೂ, ಡೊಂಬಿವಲಿಯನ್ನು ಮಡಗಾಂವ್ ಜೊತೆ ಹೋಲಿಸಬಹುದು. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1, ಅಂದರೆ ಕಟ್ಟುನಿಟ್ಟಿನ ಪಟ್ಟಿಯ ಔಷಧಿಗಳಿಗೆ ನೀವು ಬೇರೆ ರಿಜಿಸ್ಟರ್ ಬರೆದು ಮೂರು ವರ್ಷ ಇಡಬೇಕಲ್ಲ, ಅದರಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು ಎರಡೂ ಇರುತ್ತವೆ. ಅದು ಬಿಲ್ಲಿಗಿಂತ ಬೆಲೆಯುಳ್ಳದ್ದು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಕೂತು ತುಂಬಿಸದಿದ್ದರೆ!

ಡೊಂಬಿವಲಿಯಿಂದ:
ಪೆನ್ನಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು 😄

ಹಡಪ್ಸರ್‌ನಿಂದ:
ನಗಾಡುವುದು ಸಾಕು. ಆಸ್ಪತ್ರೆಯಲ್ಲಿ ನನ್ನ ಫೈಲ್ ನನ್ನನ್ನು ಕೇಳದೆ ನಿಮ್ಮಂಥವರ ಕೈಗೆ ಬರುತ್ತದೆ ಅಂತಾಯ್ತು. ಇದು ಸರಿನಾ?

ಉತ್ತರ:
ಸಿಟ್ಟು ನ್ಯಾಯವಾದದ್ದೇ. ನನ್ನ ಹತ್ತಿರ ಬರುವಾಗ ಹೆಸರು, ಫೋನ್, ವಿಳಾಸ ತೆಗೆದಿರುತ್ತಾರೆ, ಹುಟ್ಟಿದ ದಿನದ ಬದಲು ವಯಸ್ಸು ಇರುತ್ತದೆ. ಆದರೆ ಹೆಸರು ತೆಗೆದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. 93 ವರ್ಷ, ಒಂದು ಅಪರೂಪದ ಕಾಯಿಲೆ, ಒಂದು ಪಿನ್‌ಕೋಡ್ ಇದ್ದರೆ ಆ ಓಣಿಯವರಿಗೆ ಅಜ್ಜಿ ಯಾರು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ತೀರಾ ಕಡಿಮೆ ಜನ ಬರುವ ಚೌಕಗಳ ಅಂಕಿಯನ್ನು ಟೇಬಲ್ಲಿನಲ್ಲಿ ಮುಚ್ಚುತ್ತೇವೆ. ಎಲ್ಲರೂ ಹೀಗೇ ಮಾಡುತ್ತಾರಾ? ಇಲ್ಲ. ಮುಂದಿನ ಸಲ ಆಸ್ಪತ್ರೆಗೆ ಭರ್ತಿಯಾಗುವಾಗ ಸಹಿ ಹಾಕಿಸುವ ಕಾಗದ ಓದಿ, ಸಂಶೋಧನೆಗೆ ಬಳಸುತ್ತೀರಾ ಅಂತ ಕೌಂಟರಿನಲ್ಲಿ ಕೇಳಿ. ಅವರು ನಿಮ್ಮ ಮುಖ ನೋಡುತ್ತಾರೆ, ನೋಡಲಿ.

ಮಡಗಾಂವ್‌ನಿಂದ:
ಮಗಳಿಗೆ ಹೊಟ್ಟೆನೋವಿಗೆ ಮೆಫೆನಾಮಿಕ್ ಆಸಿಡ್ ಗುಳಿಗೆ ಕೊಟ್ಟಾಗ ಮೈಯೆಲ್ಲ ದದ್ದು ಬಂದಿತ್ತು, ಹೋದ ವರ್ಷ. ಆಸ್ಪತ್ರೆಯಲ್ಲಿ ಅಲರ್ಜಿ ಅಂದು ಕಳಿಸಿದರು, ಎಲ್ಲೂ ಬರೆದುಕೊಳ್ಳಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕಾ?

ಉತ್ತರ:
ಹೇಳಲೇಬೇಕು, ಈಗಲೂ ಹೇಳಬಹುದು. 2010ರಲ್ಲಿ ಶುರುವಾದ ಭಾರತ ಸರ್ಕಾರದ ಫಾರ್ಮಕೊವಿಜಿಲೆನ್ಸ್, ಅಂದರೆ ಔಷಧಿಯ ತೊಂದರೆಗಳ ಮೇಲೆ ಕಣ್ಣಿಡುವ ಕಾರ್ಯಕ್ರಮ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಟೋಲ್ ಫ್ರೀ 1800-180-3024. ರೋಗಿಗಳೇ ತುಂಬುವ ಫಾರ್ಮ್ ಕನ್ನಡದಲ್ಲೂ ಇದೆ. ಗುಳಿಗೆಯ ಹೆಸರು, ತಗೊಂಡ ದಿನ, ದದ್ದು ಎದ್ದ ದಿನ, ಜೊತೆಗೆ ಬೇರೇನು ತಗೊಂಡಿದ್ದಳು, ಇಷ್ಟು ಬರೆದರೆ ಸಾಕು. ಗುಳಿಗೆಯೇ ಕಾರಣ ಅಂತ ನೀವು ಸಾಬೀತು ಮಾಡಬೇಕಿಲ್ಲ. 2023ರ ನವೆಂಬರ್ 30ರಂದು ಇದೇ ಮೆಫೆನಾಮಿಕ್ ಆಸಿಡ್ ಬಗ್ಗೆ, ಡ್ರೆಸ್ ಅನ್ನುವ ತೀವ್ರ ಅಲರ್ಜಿ ಬರಬಹುದು ಅಂತ ಎಚ್ಚರಿಕೆ ಹೊರಟಿದ್ದು ಇಂಥ ವರದಿಗಳನ್ನು ಒಟ್ಟು ಮಾಡಿ ನೋಡಿಯೇ. ಅದು ಗುಳಿಗೆ ತಗೊಂಡು ಎರಡರಿಂದ ಎಂಟು ವಾರದ ಮೇಲೆ ಬರಬಹುದು, ಜ್ವರ, ದದ್ದು, ಕುತ್ತಿಗೆ-ಕಂಕುಳಿನಂಥ ಕಡೆ ಗಂಟುಗಳ ಊತ. ಮಗಳ ದದ್ದು ಅದೇ ಅಂತ ನಾನು ಹೇಳುತ್ತಿಲ್ಲ. ಆ ಗುಳಿಗೆಯ ಹೆಸರನ್ನು ಅವಳ ಪರ್ಸಿನಲ್ಲಿ ಒಂದು ಚೀಟಿಯಲ್ಲಿ ಬರೆದಿಡಿ, ಮುಂದಿನ ಡಾಕ್ಟರಿಗೆ ತೋರಿಸಲು.

ಸ್ಟ್ರಿಪ್ ಕತ್ತರಿಸುವಾಗ ಹೆಸರು ಇರುವ ತುಂಡು ಉಳಿಸಿಕೊಳ್ಳಿ. ನಮ್ಮ ಅತ್ತೆಯ ಔಷಧಿ ಶ್ರೀಖಂಡದ ಡಬ್ಬಿಯಲ್ಲಿದೆ, ಅದರಲ್ಲಿ ಅರ್ಧ ಸ್ಟ್ರಿಪ್ಪುಗಳ ಮೇಲೆ ಉಳಿದಿರುವುದು ಬರೀ ಎಂಆರ್‌ಪಿ.

ಕೋಥ್ರೂಡ್‌ನಿಂದ, ಎಂಟು ದಿನದ ಮೇಲೆ:
ಹೋಗಿ ಬಂದೆವು. ಅಪ್ಪನೇ ಡಾಕ್ಟರಿಗೆ ಎಲ್ಲ ಹೇಳಿದರು. ಗುಳಿಗೆ ಬಿಟ್ಟಮೇಲೆ ಚಪ್ಪಲಿ ಸಡಿಲವಾಗಿದೆ ಅಂದರು. ಮುಂಚೆ ಸಂಜೆ ಹೊತ್ತಿಗೆ ಬಿಗಿಯುತ್ತಿತ್ತಂತೆ, ನಮಗೆ ಹೇಳಿರಲೇ ಇಲ್ಲ. ಡಾಕ್ಟರು ಕಾಲು ಒತ್ತಿ ನೋಡಿ, ಹೃದಯದ ಎಕೋ ಪರೀಕ್ಷೆ ಬರೆದುಕೊಟ್ಟು, ಪಯೋ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಕ್ಯಾನ್ಸರ್ ಭಯಕ್ಕಲ್ಲ, ಊತಕ್ಕೆ.

ಉತ್ತರ:
ಔಷಧಿ ನಿಲ್ಲಿಸಿದಾಗ ತೊಂದರೆ ಇಳಿಯುವುದಕ್ಕೆ ನಮ್ಮಲ್ಲಿ ಡಿಚಾಲೆಂಜ್ ಅನ್ನುತ್ತೇವೆ. ಚಪ್ಪಲಿಯಲ್ಲಿ ಅಳೆದವರನ್ನು ಮೊದಲ ಸಲ ನೋಡಿದೆ. ಫೈಲಿನಲ್ಲಿ ಯಾಕೆ ನಿಲ್ಲಿಸಿದರು ಅಂತ ಬರೆದಿದ್ದಾರಾ?

ಕೋಥ್ರೂಡ್‌ನಿಂದ:
ಈಗ ನೋಡಿದೆ. ‘ಸ್ಟಾಪ್ ಪಯೋ’ ಅಂತ ಎರಡೇ ಪದ.

ಉತ್ತರ:
ನನ್ನ ಕೈಗೆ ಬರುವ ಫೈಲುಗಳಲ್ಲೂ ಅಷ್ಟೇ ಇರುತ್ತದೆ. ಪಕ್ಕದಲ್ಲಿ ನೀವೇ ಪೆನ್ನಿನಲ್ಲಿ ಬರೆಯಿರಿ: ಕಾಲು ಊತ, ತಾರೀಖು, ಬಿಟ್ಟ ಮೇಲೆ ಎಷ್ಟು ದಿನಕ್ಕೆ ಇಳಿಯಿತು. ಮುಂದಿನ ಸಲ ಹೋದಾಗ ಡಾಕ್ಟರಿಗೆ ತೋರಿಸಿ, ಅವರ ಕೈಯಲ್ಲೂ ಬರೆಸಿ.