ಐಲ್ಯಾಂಡ್ ಕಟ್ಟೆಗೆ ಹ್ಯಾಂಗಿಂಗ್ ಲೈಟ್: ಎಷ್ಟು ದೊಡ್ಡದು, ಎಷ್ಟು ಕೆಳಗೆ?

ಪ್ರಶ್ನೆ (ಬದಿಯಡ್ಕದಿಂದ): ಸಾರ್, ನಮಸ್ಕಾರ. ನಮ್ಮ ಹೊಸ ಮನೆಯ ಕೆಲಸ ಮುಗಿಯುತ್ತಾ ಬಂತು. ಅಡುಗೆಮನೆಯ ನಡುವೆ ಐಲ್ಯಾಂಡ್ ಕಟ್ಟೆ ಮಾಡಿಸಿದ್ದೇವೆ. ಮೇಲಿನ ಗ್ರಾನೈಟ್ 7 ಅಡಿ ಉದ್ದ, 3 ಅಡಿ ಅಗಲ. ನೆಲದಿಂದ ಕಟ್ಟೆಗೆ 34 ಇಂಚು, ಸ್ಲ್ಯಾಬಿಗೆ 10 ಅಡಿ. ಆನ್‌ಲೈನಲ್ಲಿ ಗುಮ್ಮಟದ ಹಾಗಿರುವ 16 ಇಂಚಿನ ಮೂರು ಲೈಟ್ ನೋಡಿ ಇಟ್ಟಿದ್ದೇನೆ. ಮನೆಯವರು 8 ಇಂಚಿನದ್ದು ಸಾಕು ಅಂತಾರೆ. ಇಲೆಕ್ಟ್ರಿಶಿಯನ್ "ಮೂರು ಪಾಯಿಂಟ್ ಕೊಟ್ಟಾಗಿದೆ, ಯಾವುದು ಬೇಕಾದರೂ ತನ್ನಿ" ಅಂದುಬಿಟ್ಟ. ಯಾರ ಮಾತು ಕೇಳುವುದು?

ಉತ್ತರ: ಅಕ್ಕಾ, ಮೊದಲು ಟೇಪ್ ಹಿಡಿಯೋಣ. ಅಂಗಡಿಗೆ ಹೋದರೆ ರೂಮು ಎಷ್ಟು ದೊಡ್ಡದು ಅಂತ ಕೇಳುತ್ತಾರೆ. ಹ್ಯಾಂಗಿಂಗ್ ಲೈಟಿನ ವಿಷಯದಲ್ಲಿ ಅದು ಅಷ್ಟು ಮುಖ್ಯ ಅಲ್ಲ. ಕೆಳಗಿರುವ ಕಟ್ಟೆ ಎಷ್ಟು ಉದ್ದ, ಎಷ್ಟು ಅಗಲ ಅನ್ನುವುದರ ಮೇಲೆ ಅಳತೆ ನಿಂತಿರುತ್ತದೆ.

ನಾನು ಹಿಡಿಯುವ ಲೆಕ್ಕ ಹೀಗೆ. ಎಲ್ಲಾ ಲೈಟುಗಳ ಅಗಲ ಕೂಡಿಸಿದರೆ ಕಟ್ಟೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಆಗಬಾರದು, ಮೂರನೇ ಎರಡಕ್ಕಿಂತ ಜಾಸ್ತಿಯೂ ಆಗಬಾರದು. ನಿಮ್ಮದು 84 ಇಂಚು. ಅಂದರೆ 28ರಿಂದ 56 ಇಂಚಿನ ಒಳಗೆ. ಮನೆಯವರು ಹೇಳುವ 8 ಇಂಚಿನ ಮೂರು ಹಾಕಿದರೆ 24 ಆಯ್ತು. ಅಷ್ಟು ದೊಡ್ಡ ಗ್ರಾನೈಟಿನ ಮೇಲೆ ಅವು ತೀರಾ ಸಣ್ಣದಾಗಿ ಕಾಣುತ್ತವೆ. ನೀವು ನೋಡಿಟ್ಟ 16 ಇಂಚಿನದ್ದು ಮೂರಾದರೆ 48. ಲೆಕ್ಕದಲ್ಲಿ ಪಾಸು, ಆದರೆ ಖಾಲಿ ಉಳಿಯುವುದು 36 ಇಂಚು ಮಾತ್ರ. ಒಂದು ಲೈಟಿಗೂ ಇನ್ನೊಂದಕ್ಕೂ ನಡುವೆ ಬರೇ 12 ಇಂಚು. ಊಟದ ಮೇಜಿನಿಂದ ನೋಡಿದರೆ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೋಡೆ ಕಟ್ಟಿದ ಹಾಗೆ ಆಗುತ್ತದೆ. 12 ಇಂಚಿಗೆ ನೀವಿಬ್ಬರೂ ರಾಜಿ ಆಗಿಬಿಡಿ.

ನಿಜ ಹೇಳಬೇಕಾದರೆ 7 ಅಡಿಯ ಕಟ್ಟೆಗೆ ನನಗೆ ಇಷ್ಟ 14ರಿಂದ 16 ಇಂಚಿನ ಎರಡು ಲೈಟ್. ಮೂರೇ ಇರಬೇಕು ಅನ್ನುವುದು ಫೋಟೋಗಳಿಂದ ಬಂದ ಅಭ್ಯಾಸ. ಎರಡಾದರೆ ಖರ್ಚು ಕಮ್ಮಿ, ಒಗ್ಗರಣೆಯ ಜಿಡ್ಡು ಒರೆಸುವ ಕೆಲಸವೂ ಕಮ್ಮಿ. ಆದರೆ ನಿಮ್ಮಲ್ಲಿ ಸ್ಲ್ಯಾಬಿನೊಳಗೆ ಮೂರು ಪಾಯಿಂಟ್ ಬಂದಾಗಿದೆ. ಎರಡು ಲೈಟಿನ ಜಾಗ ಬೇರೆ, ಮೂರರ ಜಾಗ ಬೇರೆ. ಮೂರು ಪಾಯಿಂಟಿನಲ್ಲಿ ನಡುವಿನದ್ದು ಬಿಟ್ಟು ಎರಡು ನೇತು ಹಾಕಿದರೆ ಎರಡೂ ತುದಿಗೆ ಓಡುತ್ತವೆ, ನಡುವೆ ಕತ್ತಲೆ. ಸುಮ್ನೆ ಸ್ಲ್ಯಾಬ್ ಕೊರೆಯುವುದು ಬೇಡ. 12 ಇಂಚಿನ ಮೂರು ತನ್ನಿ.

ತರುವ ಮೊದಲು ಪಾಯಿಂಟ್ ಸರಿಯಾದ ಜಾಗದಲ್ಲಿ ಉಂಟಾ ನೋಡಿ. ಎಷ್ಟು ಲೈಟ್ ಉಂಟೋ ಅದರ ಎರಡರಷ್ಟು ಭಾಗ ಮಾಡಿ, ಒಂದನೇ, ಮೂರನೇ, ಐದನೇ ಗೆರೆಯಲ್ಲಿ ಲೈಟ್ ಬರಬೇಕು. ನಿಮಗೆ 84 ಇಂಚನ್ನು ಆರು ಭಾಗ ಮಾಡಿದರೆ ಒಂದೊಂದು 14. ಹಾಗಾಗಿ ಒಂದು ತುದಿಯಿಂದ 14, 42, 70 ಇಂಚಿನಲ್ಲಿ ಮೂರು ಲೈಟ್. ಎರಡು ಲೈಟ್ ಹಾಕುವವರಿಗೆ ಇದೇ ಉದ್ದಕ್ಕೆ 21 ಮತ್ತು 63. ಅಳೆಯುವುದು ಗ್ರಾನೈಟಿನ ತುದಿಯಿಂದ. ಕೆಳಗಿನ ಕಪಾಟಿನ ತುದಿಯಿಂದ ಅಲ್ಲ. ಸ್ಟೂಲ್ ಹಾಕಲಿಕ್ಕೆ ಗ್ರಾನೈಟ್ ಒಂದು ಕಡೆ ಮುಂದೆ ಬಂದಿದ್ದರೆ ಈ ಎರಡು ಅಳತೆ ಬೇರೆಯಾಗುತ್ತವೆ. ಎಷ್ಟೋ ಮನೆಯಲ್ಲಿ ಪಾಯಿಂಟ್ ಕೊಟ್ಟದ್ದು ರೂಮಿನ ನಡುವಿಗೆ, ಕಟ್ಟೆ ಕಟ್ಟಿದ್ದು ಅರ್ಧ ಅಡಿ ಆಚೆ.

ಬದಿಯಡ್ಕದ ಅದೇ ಅಕ್ಕ: ಎಷ್ಟು ಕೆಳಗೆ ಇಳಿಸಬೇಕು ಸಾರ್? ಇನ್ನೊಂದು, ನಮ್ಮದು ಕಪ್ಪು ಗ್ರಾನೈಟ್, ಫಳಫಳ ಪಾಲಿಶ್.

ಉತ್ತರ: ಗಾತ್ರಕ್ಕಿಂತ ಜಾಸ್ತಿ ಹಾಳಾಗುವುದು ಈ ಎತ್ತರದಲ್ಲಿ. ಕಟ್ಟೆಯಿಂದ ಲೈಟಿನ ಕೆಳ ಅಂಚಿಗೆ 30ರಿಂದ 36 ಇಂಚು ಇರಬೇಕು. ನಿಮಗೆ 32 ಅಂತ ಇಟ್ಟುಕೊಳ್ಳೋಣ. ನೆಲದಿಂದ 66 ಇಂಚು, ಅಂದರೆ ಐದೂವರೆ ಅಡಿ. ಮನೆಯಲ್ಲಿ ಆರಡಿ ಎತ್ತರದವರು ಇದ್ದರೆ ಅವರ ಕಣ್ಣಿಗೆ ಅಡ್ಡ ಬರುತ್ತದೆ, ಆಗ 36ಕ್ಕೆ ಏರಿಸಿ.

ಈಗ ಮೇಲಿನಿಂದ ಲೆಕ್ಕ ಹಾಕಿ. ಸ್ಲ್ಯಾಬ್ 120 ಇಂಚು, ಅದರಲ್ಲಿ 66 ಕಳೆದರೆ 54. ಲೈಟಿನ ಶೇಡ್ 10 ಇಂಚು ಎತ್ತರ ಇದ್ದರೆ ವಯರ್ 44 ಇಂಚು ಬೇಕು. ಪೆಟ್ಟಿಗೆಯಲ್ಲಿ ಎಷ್ಟೋ ಸಲ ಒಂದು ಮೀಟರ್ ವಯರ್ ಮಾತ್ರ ಇರುತ್ತದೆ, ಅಂದರೆ 39 ಇಂಚು. ಆಗ ನಡುವೆ ಗಂಟು ಹಾಕಿ ಟೇಪ್ ಸುತ್ತುವ ಕೆಲಸ ಶುರು. ಅದಕ್ಕೆ ಒಪ್ಪಬೇಡಿ. ಕೊಳ್ಳುವಾಗಲೇ ಉದ್ದ ವಯರ್ ಕೇಳಿ, ಅಥವಾ ಹೋಲ್ಡರಿನಿಂದಲೇ ಹೊಸ ವಯರ್ ಹಾಕಿಸಿ. ಜಾಸ್ತಿ ಆದದ್ದನ್ನು ಮೇಲೆ ಸೀಲಿಂಗಿಗೆ ತಾಗಿ ಕೂರುವ ಕಪ್ ಒಳಗೆ ಸುತ್ತಿಡಬಹುದು.

ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ರಟ್ಟಿನ ಪೆಟ್ಟಿಗೆಯಿಂದ 12 ಇಂಚಿನ ಮೂರು ಬಿಲ್ಲೆ ಕತ್ತರಿಸಿ, ಹಗ್ಗ ಕಟ್ಟಿ, ಅದೇ ಜಾಗದಲ್ಲಿ ಅದೇ ಎತ್ತರಕ್ಕೆ ನೇತು ಹಾಕಿ. ಒಂದೆರಡು ದಿನ ಹಾಗೇ ಇರಲಿ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಒಂದು ಬದಿ ನಿಂತು, ಗಿಡ್ಡದವರು ಇನ್ನೊಂದು ಬದಿ ನಿಂತು ಮಾತಾಡಿ ನೋಡಿ. ಮುಖ ಕಾಣಬೇಕು. ಹಲಸಿನ ಸೊಳೆ ಬಿಡಿಸುವಾಗ ಆ ಕಟ್ಟೆಯ ಸುತ್ತ ನಾಲ್ಕು ಜನ ಇರುತ್ತಾರೆ ಅಲ್ವಾ? ಮಯಣದ ಕೈಯಲ್ಲಿ ಲೈಟ್ ಆಚೆ ಸರಿಸುವ ಹಾಗೆ ಇರಬಾರದು.

ಕಪ್ಪು ಗ್ರಾನೈಟ್ ಕನ್ನಡಿಯೇ. ಪಾರದರ್ಶಕ ಗಾಜಿನ ಲೈಟ್ ಹಾಕಿದರೆ ಬಲ್ಬ್ ಮೇಲೂ ಚುಚ್ಚುತ್ತದೆ, ಕೆಳಗೂ ಚುಚ್ಚುತ್ತದೆ. ಗುಮ್ಮಟದ ಶೇಡಿಗೂ ಕೆಳಗೆ ಹಾಲುಬಣ್ಣದ ಮುಚ್ಚಳ ಇರುವುದನ್ನು ಆರಿಸಿ. ಮೊದಲ ಮಳೆಗೆ ಬರುವ ಹಾತೆಗಳೂ ಒಳಗೆ ಹೋಗಿ ಗುಡ್ಡೆ ಬೀಳುವುದಿಲ್ಲ.

ಪ್ರಶ್ನೆ (ಮುಳ್ಳೇರಿಯದಿಂದ): ನಾನು ನಿವೃತ್ತ ಅಧ್ಯಾಪಕ. ದೊಡ್ಡ ಶೇಡ್ ಹಾಕಿದರೆ ಬೆಳಕು ಜಾಸ್ತಿ ಬರುತ್ತದೆ ಅಲ್ಲವೇ? ಮಗ ಹಳದಿ ಬಲ್ಬ್ ಹಾಕುತ್ತೇನೆ ಅಂತಾನೆ. ನಮಗೆ ಆ ಬೆಳಕಲ್ಲಿ ಅಕ್ಕಿಯ ಕಲ್ಲು ಕಾಣುವುದಿಲ್ಲ.

ಉತ್ತರ: ಮಾಷ್ಟ್ರೇ, ಶೇಡ್ ಬೆಳಕು ಕೊಡುವುದಿಲ್ಲ. ಬಲ್ಬ್ ಕೊಟ್ಟದ್ದನ್ನು ಎತ್ತ ಕಳಿಸಬೇಕು ಅಂತ ಮಾತ್ರ ಅದು ತೀರ್ಮಾನ ಮಾಡುತ್ತದೆ. ಹಾಗಾಗಿ ವ್ಯಾಟ್ ಬಿಟ್ಟು ಬಲ್ಬಿನ ಪೆಟ್ಟಿಗೆಯ ಮೇಲೆ ಬರೆದ ಲ್ಯೂಮೆನ್ (ಬಲ್ಬ್ ಕೊಡುವ ಬೆಳಕಿನ ಅಳತೆ) ನೋಡಿ.

ತರಕಾರಿ ಹೆಚ್ಚುವ ಜಾಗಕ್ಕೆ 300ರಿಂದ 500 ಲಕ್ಸ್ ಬೆಳಕು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಮೇಲಿನ ಅಕ್ಕನ ಕಟ್ಟೆ 21 ಚದರ ಅಡಿ, ಸುಮಾರು 2 ಚದರ ಮೀಟರ್. 500 ಲಕ್ಸಿಗೆ ಅದರ ಮೇಲೆ 1000 ಲ್ಯೂಮೆನ್ ಬೀಳಬೇಕು. ಬಲ್ಬಿನಿಂದ ಹೊರಟದ್ದರಲ್ಲಿ ಅರ್ಧ ಶೇಡಿನೊಳಗೆ, ಆಚೀಚೆ ಹೋಯಿತು ಅಂತ ಇಟ್ಟುಕೊಂಡರೆ 2000 ಲ್ಯೂಮೆನ್ ಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬ್ ಸುಮಾರು 900 ಕೊಡುತ್ತದೆ. ಎರಡು ಲೈಟಿಗೆ 10 ವ್ಯಾಟಿನ ಎರಡು, ಮೂರು ಲೈಟಿಗೆ 7 ವ್ಯಾಟಿನ ಮೂರು ಸಾಕಾಗುತ್ತದೆ. ಹಿರಿಯರ ಕಣ್ಣಿಗೆ ಬೆಳಕು ಜಾಸ್ತಿ ಬೇಕು, ಚುಚ್ಚುವ ಬೆಳಕು ಮಾತ್ರ ಆಗುವುದಿಲ್ಲ. ನಿಮ್ಮಲ್ಲಿ ಒಂದು ಹಂತ ಮೇಲಿನ ಬಲ್ಬ್ ಹಾಕಿ, ಹಾಲುಬಣ್ಣದ ಮುಚ್ಚಳದೊಂದಿಗೆ.

ಬಣ್ಣದಲ್ಲಿ ಮಗನೂ ಪೂರ್ತಿ ತಪ್ಪಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಬರೆಯುತ್ತಾರೆ. 3000 ಕೆಲ್ವಿನ್ ಹಳದಿ, 6500 ನಮ್ಮ ಕಡೆ ಎಲ್ಲಾ ಮನೆಯಲ್ಲಿ ಇರುವ ನೀಲಿ ಮಿಶ್ರಿತ ಬಿಳಿ. ನಡುವೆ 4000 ಅಂತ ಒಂದು ಉಂಟು. ಕಟ್ಟೆಗೆ ಅದು ಚೆನ್ನ. ಪೆಟ್ಟಿಗೆಯಲ್ಲಿ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 90 ಅಂತ ಇದ್ದರೆ ಬಣ್ಣಗಳು ಸರಿಯಾಗಿ ಕಾಣುತ್ತವೆ. ಅಕ್ಕಿಯ ಕಲ್ಲೂ ಸಿಗುತ್ತದೆ, ಬದನೆಯ ಹುಳವೂ ಸಿಗುತ್ತದೆ.

ಪ್ರಶ್ನೆ (ಕುಂಬಳೆಯಿಂದ): ಅಣ್ಣಾ, ನನ್ನ ತಮ್ಮ ದುಬೈಯಿಂದ ಬರುವಾಗ ಗಾಜಿನ ಗೋಲದ ಮೂರು ಲೈಟ್ ತಂದಿದ್ದಾನೆ. ಒಂದೊಂದು 8 ಇಂಚು. ನಮ್ಮ ಐಲ್ಯಾಂಡ್ 9 ಅಡಿ. ಹಾಕದಿದ್ದರೆ ಅವನಿಗೆ ಬೇಜಾರು.

ಉತ್ತರ: ಸೂಟ್‌ಕೇಸಿಗೆ ಹಿಡಿಯುವ ಲೈಟ್ ಅಂದರೆ ಸಣ್ಣದೇ ಇರುತ್ತದೆ ತಂಗಿ! ಆದರೂ ದಾರಿ ಉಂಟು. 108 ಇಂಚಿಗೆ ಕಮ್ಮಿ ಅಂದರೂ 36 ಬೇಕು, ನಿಮ್ಮಲ್ಲಿರುವುದು 24. ಸಾಲಾಗಿ ಹಾಕಿದರೆ ಚೆಲ್ಲಾಪಿಲ್ಲಿ ಕಾಣುತ್ತದೆ. ಮೂರನ್ನೂ ಸೀಲಿಂಗಿನ ಒಂದೇ ಕಪ್ ಇಂದ ಗೊಂಚಲು ಮಾಡಿ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ ಇಳಿಯುವ ಹಾಗೆ, ಸ್ಟೂಲ್ ಇರುವ ತುದಿಯ ಮೇಲೆ ಹಾಕಿ. ಆಗ ಮೂರೂ ಸೇರಿ ಒಂದು ದೊಡ್ಡ ಲೈಟಿನ ಹಾಗೆ ಕಾಣುತ್ತದೆ. ಹೆಚ್ಚುವ ತುದಿಗೆ ಸೀಲಿಂಗಿನಲ್ಲೇ ಎರಡು ಡೌನ್‌ಲೈಟ್ ಕೊಡಿ. ತಮ್ಮನಿಗೂ ಸಂತೋಷ, ಬೆರಳಿಗೂ ಕ್ಷೇಮ.

ದುಬೈಯ ಕರೆಂಟೂ ನಮ್ಮ ಹಾಗೆ 220ರಿಂದ 240 ವೋಲ್ಟ್, 50 ಹರ್ಟ್ಸ್. ಹಾಗಾಗಿ ತೊಂದರೆ ಇಲ್ಲ. ಅಮೆರಿಕದಿಂದ ತಂದದ್ದಾದರೆ 120 ವೋಲ್ಟಿನದ್ದು ಇರಬಹುದು, ಲೇಬಲ್ ಓದದೆ ಸ್ವಿಚ್ ಹಾಕಬೇಡಿ. ಹೋಲ್ಡರ್ ಹೆಚ್ಚಾಗಿ ತಿರುಪಿನದ್ದು, ಇ27. ನಮ್ಮ ಮಾಮೂಲಿ ಎರಡು ಪಿನ್ನಿನ ಬಲ್ಬ್ ಅದಕ್ಕೆ ಕೂರುವುದಿಲ್ಲ. ವಯರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಹಳದಿ ಹಸಿರು ಪಟ್ಟೆ ಇರುವುದು ಅರ್ತ್. "ಇದು ಬೇಡ" ಅಂತ ಅದನ್ನು ಕತ್ತರಿಸಿ ಬಿಡುವವರಿದ್ದಾರೆ, ಬಿಡಬೇಡಿ. ಲೋಹದ ಭಾಗ ಇರುವ ಲೈಟಿಗೆ ಅದು ಬೇಕೇ ಬೇಕು.

ಪ್ರಶ್ನೆ (ಪೆರ್ಲದಿಂದ): ನಮ್ಮದು ಹಳೆ ಹಂಚಿನ ಮನೆ. ಅಡುಗೆಕೋಣೆ ರಿಪೇರಿ ಮಾಡಿಸಿ ನಡುವೆ ಒಂದು ಮರದ ಮೇಜು ಹಾಕಿದ್ದೇವೆ, 4 ಅಡಿಗೆ ಎರಡೂವರೆ ಅಡಿ. ಮೇಲೆ ಇಳಿಜಾರು ಮಾಡು. ಲೈಟ್ ಎಲ್ಲಿಂದ ಇಳಿಸುವುದು?

ಉತ್ತರ: ಇಂಥ ಮನೆಗೆ ಹ್ಯಾಂಗಿಂಗ್ ಲೈಟ್ ಸ್ಲ್ಯಾಬಿನ ಮನೆಗಿಂತ ಚಂದ ಕಾಣುತ್ತದೆ ಮಾರಾಯ್ರೆ. ಒಂದೇ ಲೈಟ್ ಸಾಕು. ಒಂದೇ ಆದಾಗ ಅಗಲದ ಲೆಕ್ಕ ಹಿಡಿಯಿರಿ. ಮೇಜಿನ ಅಗಲ 30 ಇಂಚು. ಎರಡು ಬದಿ ಆರಾರು ಇಂಚು ಬಿಟ್ಟರೆ 18 ಉಳಿಯಿತು. ಅದಕ್ಕಿಂತ ದೊಡ್ಡದು ಹಾಕಿದರೆ ಬಗ್ಗುವಾಗ ತಲೆಗೆ ತಾಗುತ್ತದೆ. 14ರಿಂದ 18 ಇಂಚಿನದ್ದು ತನ್ನಿ.

ಪಕ್ಕಾಸಿಗೆ (ಹಂಚು ಹೊರುವ ಇಳಿಜಾರು ಮರಕ್ಕೆ) ಮೊಳೆ ಹೊಡೆದು ನೇತು ಹಾಕಬೇಡಿ. ಮೇಜಿನ ನೇರಕ್ಕೆ ಪಕ್ಕಾಸು ಸಿಗುವುದೇ ಇಲ್ಲ. ಗೋಡೆಯಿಂದ ಗೋಡೆಗೆ ಒಂದು ಅಡ್ಡಮರ ಹಾಕಿಸಿ, ಅದರಿಂದ ಇಳಿಸಿ. ವಯರಿನ ಲೈಟ್ ಇಳಿಜಾರಿನಲ್ಲೂ ತಾನಾಗಿ ನೇರ ನಿಲ್ಲುತ್ತದೆ. ರಾಡಿನ ಲೈಟ್ ಆದರೆ ಮೇಲೆ ತಿರುಗುವ ಕಪ್ ಇರಬೇಕು. ಅಟ್ಟದ ಮೇಲೆ ಹೋಗುವ ವಯರ್ ಪೂರ್ತಿ ಪೈಪಿನೊಳಗೇ ಇರಲಿ. ಇಲಿ ಕಡಿದ ವಯರ್, ಒಣಮರ, ಪಕ್ಕದಲ್ಲಿ ಅಡಿಕೆ ಸಿಪ್ಪೆಯ ರಾಶಿ. ಮುಂದಿನದ್ದು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ (ಉಪ್ಪಳದಿಂದ): ಕಡಲಿನ ಹತ್ತಿರ ಮನೆ. ಕಬ್ಬಿಣದ್ದು ಬೇಡ ಅಂತ ಗೊತ್ತು. ಬಿದಿರಿನ ಬುಟ್ಟಿಯ ಲೈಟ್ ಆಗಬಹುದಾ? ಅಡುಗೆಮನೆಯಲ್ಲಿ ಫ್ಯಾನೂ ಉಂಟು.

ಉತ್ತರ: ಬಿದಿರು ಹಾಲಿಗೆ ಆಗಬಹುದು, ಅಡುಗೆಮನೆಗೆ ಬೇಡ. ಎಣ್ಣೆ ಹೊಗೆ ಹೆಣಿಗೆಯೊಳಗೆ ಕೂರುತ್ತದೆ, ಜೂನ್ ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ತೊಳೆಯಲಿಕ್ಕೂ ಆಗುವುದಿಲ್ಲ. ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಅಥವಾ ಗಾಜು ತನ್ನಿ. ಶೇಡ್ ಅಲ್ಯೂಮಿನಿಯಂ ಇದ್ದರೂ ಮೇಲಿನ ಕಪ್, ಸ್ಕ್ರೂ ಹೆಚ್ಚಾಗಿ ಕಬ್ಬಿಣದ್ದಿರುತ್ತದೆ. ತುಕ್ಕು ಅಲ್ಲಿಂದಲೇ ಶುರು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಸಿ. ಹಿತ್ತಾಳೆ ಹಾಳಾಗುವುದಿಲ್ಲ, ಕಪ್ಪಾಗುತ್ತದೆ. ಉಜ್ಜುವ ತಾಳ್ಮೆ ಇದ್ದರೆ ಆಗಬಹುದು.

ಫ್ಯಾನಿನ ರೆಕ್ಕೆಯ ತುದಿಯಿಂದ ಲೈಟಿಗೆ ಎರಡು ಅಡಿಯಾದರೂ ಬಿಡಿ. ವಯರಿನ ಹಗುರ ಲೈಟ್ ಫ್ಯಾನಿನ ಗಾಳಿಗೆ ತೂಗಾಡುತ್ತದೆ, ಕಟ್ಟೆಯ ಮೇಲೆ ನೆರಳೂ ತೂಗಾಡುತ್ತದೆ. ಫ್ಯಾನ್ ಇರುವ ಕಡೆ ರಾಡಿನದ್ದೇ ಒಳ್ಳೆಯದು. ನೆರಳು ಪಟಪಟ ಹೊಡೆಯುವುದು ರೆಕ್ಕೆಗಿಂತ ಮೇಲಿರುವ ಸೀಲಿಂಗ್ ಲೈಟಿನಿಂದ. ಅವುಗಳನ್ನು ಫ್ಯಾನಿನಿಂದ ದೂರ ಇಡಿ.

ಪ್ರಶ್ನೆ (ಮೀಯಪದವಿನಿಂದ): ಒಳಗೇ ಎಲ್‌ಇಡಿ ಇರುವ ಉದ್ದ ಪಟ್ಟಿಯ ಲೈಟ್ ಹೇಗೆ? ಒಂದೇ ಪಾಯಿಂಟ್ ಸಾಕಾಗುತ್ತದಲ್ವಾ?

ಉತ್ತರ: ಪಾಯಿಂಟ್ ಒಂದೇ ಸಾಕು, ನಿಜ. ಲೈಟಿನ ಉದ್ದ ಕಟ್ಟೆಯ ಉದ್ದದ ಅರ್ಧದಿಂದ ಮೂರನೇ ಎರಡರಷ್ಟು ಇರಲಿ. ಆದರೆ ತುಲಾ ತಿಂಗಳ ಸಂಜೆಯ ಸಿಡಿಲಿಗೆ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಸಣ್ಣ ಪೆಟ್ಟಿಗೆ) ಹೋದರೆ ಪೂರ್ತಿ ಲೈಟೇ ಬಂದ್. ಅದೇ ಡ್ರೈವರ್ ಆಮೇಲೆ ಸಿಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ನಾನಾದರೆ ಬಲ್ಬ್ ಬದಲಿಸಬಹುದಾದದ್ದನ್ನೇ ಹಾಕುತ್ತೇನೆ. ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಕೊಡಲು ಈಗಲೇ ಹೇಳಿಡಿ. ಮೂರು ಬಲ್ಬಿಗೆ 30 ವ್ಯಾಟ್ ದಾಟುವುದಿಲ್ಲ.

ಪ್ರಶ್ನೆ (ಪೈವಳಿಕೆಯಿಂದ): ನಮ್ಮ ಐಲ್ಯಾಂಡಿನಲ್ಲೇ ಗ್ಯಾಸ್ ಒಲೆ ಕೂರಿಸುತ್ತೇವೆ. ಕಟ್ಟೆ 8 ಅಡಿ. ಲೆಕ್ಕ ಇದೇನಾ?

ಉತ್ತರ: ಅಲ್ಲ. ಒಲೆಯ ನೇರ ಮೇಲೆ ಲೈಟ್ ನೇತು ಹಾಕಲೇಬಾರದು. ಅಲ್ಲಿ ಚಿಮಣಿ ಬರುತ್ತದೆ, ಅದರಲ್ಲೇ ಲೈಟ್ ಇರುತ್ತದೆ. ಉಳಿದ ಉದ್ದವನ್ನು ಮಾತ್ರ ಕಟ್ಟೆ ಅಂತ ಲೆಕ್ಕ ಹಿಡಿಯಬೇಕು. ಒಲೆ ನಡುವೆ ಬರುತ್ತದಾ, ಒಂದು ತುದಿಗಾ ಅನ್ನುವುದರ ಮೇಲೆ ಒಂದು ಲೈಟೋ ಎರಡೋ ಅಂತ ಹೇಳಬಹುದು. ಪ್ಲಾನಿನ ಫೋಟೋ ಹಾಕಿ, ಒಲೆಯ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ನೋಡಿ ಹೇಳುತ್ತೇನೆ.