ಟಿಬಿ ಮಾತ್ರೆ ಶುರುವಾದ ಮೇಲೆ ಗಂಟು ಊದಿದರೆ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಹಾಸನದ ತಾಯಿ: ಮೇಡಂ, ಮಗಳಿಗೆ 22 ವರ್ಷ. ಕುತ್ತಿಗೆ ಗಂಟಿಗೆ ಸೂಜಿ ಹಾಕಿ ನೋಡಿದಾಗ ಟಿಬಿ ಅಂತ ಬಂತು. ಮಾತ್ರೆ ಶುರುವಾಗಿ ಆರು ವಾರ. ಜ್ವರ ಹೋಗಿದೆ, ಊಟ ಸೇರ್ತಿದೆ. ಆದ್ರೆ ಗಂಟು ಮೊದಲಿಗಿಂತ ದಪ್ಪ ಆಗಿದೆ, ಪಕ್ಕದಲ್ಲಿ ಇನ್ನೊಂದು ಎದ್ದಿದೆ. ಮಾತ್ರೆ ನಾಟ್ತಿಲ್ಲ ಅಂತ ನಾಲ್ಕು ದಿನದಿಂದ ನಿಲ್ಲಿಸಿದ್ದೀವಿ.

ಗದಗ: ಮಾತ್ರಿ ತಗೊಂಡ ಮ್ಯಾಲೆ ಮೂತ್ರ ಕಿತ್ತಳೆ ಬಣ್ಣ ಬರ್ತದರಿ.

ಡಾಕ್ಟರ್: ಗದಗದವರಿಗೆ: ರಿಫಾಂಪಿಸಿನ್ ಅನ್ನುವ ಟಿಬಿ ಔಷಧದ ಬಣ್ಣ ಅದು. ಹೆದರಬೇಡಿ.

ಹಾಸನದಮ್ಮ, ಇವತ್ತೇ ಟಿಬಿ ಕೇಂದ್ರಕ್ಕೆ ಫೋನ್ ಮಾಡಿ, ನಾಲ್ಕು ದಿನ ತಪ್ಪಿದೆ ಅಂತ ಮುಚ್ಚಿಡದೆ ಹೇಳಿ, ಮತ್ತೆ ಶುರು ಮಾಡಿಸಿ. ಗಂಟು ಊದಿದ್ದಕ್ಕೆ ಮಾತ್ರೆ ಸೋತಿದೆ ಅಂತಲೇ ಅರ್ಥವಲ್ಲ. ಟಿಬಿ ಕ್ರಿಮಿ ತನ್ನನ್ನು ನುಂಗಿದ ಮ್ಯಾಕ್ರೋಫೇಜ್ ಕೋಶದೊಳಗೇ ಬದುಕುತ್ತದೆ. ರೋಗನಿರೋಧಕ ಟಿ ಕೋಶಗಳು ಸುತ್ತುವರಿದು ಇಂಟರ್‌ಫೆರಾನ್ ಗಾಮಾ ಅನ್ನುವ ಸಂಕೇತ ಪ್ರೋಟೀನ್ ಬಿಟ್ಟರೆ ಮ್ಯಾಕ್ರೋಫೇಜ್‌ಗೆ ಕೊಲ್ಲುವ ಬಲ ಬರುತ್ತದೆ. ಹಾಗೆ ಕಟ್ಟಿಕೊಂಡ ಮುತ್ತಿಗೆಯೇ ಗ್ರಾನುಲೋಮಾ. ಮಾತ್ರೆ ಬಿದ್ದಾಗ ಕ್ರಿಮಿ ಒಡೆದು ಅದರ ಗೋಡೆಯ ಚೂರು, ಪ್ರೋಟೀನು ಹೊರಚೆಲ್ಲುತ್ತವೆ. ಕಾಯಿಲೆಯಲ್ಲಿ ಸೊರಗಿದ್ದ ಟಿ ಕೋಶಗಳೂ ಅಷ್ಟೊತ್ತಿಗೆ ಚೇತರಿಸಿಕೊಂಡು ಆ ಚೂರುಗಳ ಮೇಲೆ ಮುಗಿಬೀಳುತ್ತವೆ. ಅದಕ್ಕೇ ಊತ. ಎಚ್‌ಐವಿ ಇಲ್ಲದವರಲ್ಲೂ ಹೀಗಾಗುತ್ತದೆ.

ನನ್ನನ್ನು ಕಾಡುವುದು ಬೇರೆ: ಔಷಧಕ್ಕೆ ಬಗ್ಗದ ಟಿಬಿಯಲ್ಲೂ ಗಂಟು ಹೀಗೇ ಊದಬಹುದು. ಮೊದಲ ರಿಪೋರ್ಟಿನಲ್ಲಿ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗುತ್ತದೋ ಇಲ್ಲವೋ ಅಂತ ಏನಿತ್ತು? ಮತ್ತೆ ಕೀವು ತೆಗೆದರೆ ಕಲ್ಚರ್‌ಗೂ (ಜೀವಂತ ಕ್ರಿಮಿ ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಕಳಿಸಲಿ. ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆ ಸತ್ತ ಕ್ರಿಮಿಯ ಡಿಎನ್‌ಎಯನ್ನೂ ತೋರಿಸಿಬಿಡುತ್ತದೆ.

ಮೈಸೂರು: ಫಾರ್ವರ್ಡ್ ಬಂದಿದೆ, ಅಮೃತಬಳ್ಳಿ ಕಷಾಯ 21 ದಿನ ಕುಡಿದ್ರೆ ಇಮ್ಯುನಿಟಿ ಹೆಚ್ಚಿ ಟಿಬಿ ಬೇರುಸಮೇತ ಹೋಗುತ್ತೆ. ಮಾತ್ರೆ ಬೇಡ.

ಡಾಕ್ಟರ್: ಈ ಫಾರ್ವರ್ಡ್ ಇಲ್ಲಿಗೆ ಬಂದಿದ್ದು ಇದು ಮೂರನೇ ಸಲ. ಟಿಬಿ ಔಷಧಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರ್ ಮೇಲೆ ಭಾರ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಮಾತ್ರೆ ಬಿಡಬೇಡಿ, ಅದರ ಜೊತೆ ಕಷಾಯ ಕುಡಿಸಬೇಡಿ. ಟಿಬಿ ಕ್ರಿಮಿಯನ್ನು ಕಂಡುಹಿಡಿದ ರಾಬರ್ಟ್ ಕಾಖ್ ಕೂಡ 1890ರಲ್ಲಿ ಟ್ಯೂಬರ್‌ಕ್ಯುಲಿನ್ ಅನ್ನು, ಅಂದರೆ ಟಿಬಿ ಕ್ರಿಮಿಯಿಂದ ತೆಗೆದ ಸಾರವನ್ನು, ಮದ್ದೆಂದು ಕೊಟ್ಟರು. ರೋಗನಿರೋಧಕ ಕೋಶಗಳು ಕೆರಳಿ ಕೆಲವು ರೋಗಿಗಳು ತೀರಿಕೊಂಡರು. ಕೆರಳಿಸಿದ ಮಾತ್ರಕ್ಕೆ ಗುಣವಾಗಲ್ಲ.

ಮೈಸೂರು: ನಮ್ಮ ಅಜ್ಜಿ ಕಾಲದಿಂದ ಕುಡೀತಿದ್ದೀವಿ. ಯಾರಿಗೇನಾಗಿದೆ?

ಧಾರವಾಡ: ನಮ್ಮ ಕಾಕಾಗ ಆಗೇದ. ಕಷಾಯ ನಂಬಿ ಎರಡು ತಿಂಗಳಿಗೇ ಮಾತ್ರಿ ಬಿಟ್ರು. ವರ್ಷದೊಳಗ ಹೋದ್ರು. ಆ ಫಾರ್ವರ್ಡ್ ಅಳಿಸ್ರಿ.

ಮೈಸೂರು: ನಿಮ್ಮ ಕಾಕಾಗೆ ಬೇರೇನಿತ್ತೋ.

ಧಾರವಾಡ: ಸತ್ತವರ ಬಗ್ಗೆ ಹಿಂಗ ಮಾತಾಡಬ್ಯಾಡ್ರಿ!

ಕಲಬುರಗಿ: ಸಂಧಿವಾತಕ್ಕ ಟಿಎನ್‌ಎಫ್ (ಊತ ತರೋ ರೋಗನಿರೋಧಕ ಪ್ರೋಟೀನು) ತಡೆಯೋ ಇಂಜೆಕ್ಷನ್ ಬರ್ದಾರ್ರಿ. ಅದಕ್ಕ ಮೊದಲ ಟಿಬಿ ಪರೀಕ್ಷಾ ಯಾಕ್ರಿ?

ಶಿರಸಿ: ಚಿಕಿತ್ಸೆ ಮುಗಿದ್ರೂ ಮ್ಯಾಂಟೂ (ಟಿಬಿಯ ಚರ್ಮದ ಪರೀಕ್ಷೆ) ಪಾಸಿಟಿವ್. ಮೂತ್ರ ಬೇರೆ ಕಿತ್ತಳೆ ಬರ್ತಿತ್ತು, ಅದೆಂತಕ್ಕೆ?

ಡಾಕ್ಟರ್: ಶಿರಸಿಯವರಿಗೆ: ಟಿಬಿಯನ್ನು ನೆನಪಿಟ್ಟುಕೊಂಡ ಟಿ ಕೋಶಗಳು ಉಳಿದಿರುತ್ತವೆ. ಗುಣವಾಯಿತೇ ಅಂತ ನೋಡುವ ಪರೀಕ್ಷೆ ಅದಲ್ಲ. ಮೂತ್ರದ್ದು ಮೇಲೆ ಓದಿ.

ಅಡ್ಮಿನ್: ಮೈಸೂರು, ಧಾರವಾಡ ಇಬ್ಬರೂ ನಿಲ್ಲಿಸಿ. ಫಾರ್ವರ್ಡ್ ತೆಗೆದಿದ್ದೇನೆ.

ಮೈಸೂರು: ಡಾಕ್ಟರ್ ಹೇಳಿದ್ದೇ ವೇದವಾಕ್ಯ ಅನ್ನಿ.

ಹಾಸನದ ತಾಯಿ: ಮೇಡಂ, ರಿಪೋರ್ಟಲ್ಲಿ ರಿಫಾಂಪಿಸಿನ್ ರೆಸಿಸ್ಟೆನ್ಸ್ ಇಲ್ಲ ಅಂತಿದೆ. ಮಾತ್ರೆ ಮತ್ತೆ ಕೊಡೋಕೆ ಹೇಳಿದ್ರು, ಈಗಷ್ಟೇ ಕೊಟ್ಟೆ. ಊತಕ್ಕೆ ಸ್ಟೆರಾಯ್ಡ್ ತರಲಾ?

ಡಾಕ್ಟರ್: ಬೇಡ. ಬೇಕೋ ಬೇಡವೋ ಅನ್ನುವುದನ್ನು ಗಂಟು ಮುಟ್ಟಿ ನೋಡಿದ ಡಾಕ್ಟರೇ ಹೇಳಲಿ. ನಾಳೆ ತಪ್ಪದೆ ತೋರಿಸಿ. ಉಸಿರಾಟಕ್ಕೋ ನುಂಗಲಿಕ್ಕೋ ಕಷ್ಟವಾದರೆ ಬೆಳಗಿನವರೆಗೂ ಕಾಯಬೇಡಿ. ಕಲ್ಚರ್ ಕಳಿಸಿದರಾ ಅಂತ ನನಗೆ ತಿಳಿಸಿ.